ಗುಳೆ ಕಾಲದ ದೀಪ

2014ರ ಜನವರಿಯ ಒಂದು ಮಧ್ಯಾಹ್ನ, ಯಾದಗಿರಿ ಜಿಲ್ಲೆಯ ಒಂದು ಲಂಬಾಣಿ ತಾಂಡಾದಲ್ಲಿ, ಒಬ್ಬ ಅಜ್ಜಿಯ ಮನೆಗೆ ಎಳೆದಿದ್ದ ತಂತಿಯನ್ನು ಕತ್ತರಿಸಿದೆವು. ಇಕ್ಕಳ ಹಿಡಿದವನು ನಮ್ಮ ಸಂಸ್ಥೆಯ ಹುಡುಗ, ಕತ್ತರಿಸು ಅಂದವನು ನಾನು. ಬಾಕಿ ಇದ್ದದ್ದು 200 ರೂಪಾಯಿ. ಎರಡು ತಿಂಗಳು ಹಣ ಕಟ್ಟದಿದ್ದರೆ ಸಂಪರ್ಕ ತೆಗೆಯಬೇಕು ಎಂಬ ನಿಯಮ ಬರೆದವನೂ ನಾನೇ. ಅಜ್ಜಿ ಜಗಳ ಆಡಲಿಲ್ಲ. “ಹುಡುಗ್ರು ಕಬ್ಬಿನ ಕೆಲಸಕ್ಕ ಹೋಗ್ಯಾರ್ರಿ ಸಾಹೇಬ್ರ, ಯುಗಾದಿಗೆ ಬಂದಿಂದ ಕೊಡ್ತಾರ” ಅಂದರು. ಒಬ್ಬರಿಗೆ ಬಿಟ್ಟರೆ ಎಲ್ಲರೂ ಇದನ್ನೇ ಹೇಳುತ್ತಾರೆ ಎಂದು ನಾನು ಉತ್ತರ ಕೊಟ್ಟೆ. ಎಲ್ಲರೂ ಅದನ್ನೇ ಹೇಳುತ್ತಿದ್ದರು, ಏಕೆಂದರೆ ಎಲ್ಲರ ಮನೆಯಲ್ಲೂ ಅದೇ ನಿಜವಾಗಿತ್ತು. ಸಂಜೆ ಜೀಪು ಹೊರಡುವಾಗ ಆ ಮನೆಯ ಇಬ್ಬರು ಮೊಮ್ಮಕ್ಕಳು ಕಟ್ಟೆಯ ಮೇಲೆ ಕೂತು ಕಂದೀಲಿನ ಗಾಜು ಒರೆಸುತ್ತಿದ್ದರು.

ನಾನು ಎಲೆಕ್ಟ್ರಿಕಲ್ ಎಂಜಿನಿಯರ್. ಬೆಂಗಳೂರಿನ ಒಂದು ಸಂಸ್ಥೆಯಲ್ಲಿದ್ದೆ. ಬಡ ಊರುಗಳಲ್ಲಿ ಸಮುದಾಯವೇ ನಡೆಸುವ ಸೌರ ವಿದ್ಯುತ್ ಘಟಕ ಕಟ್ಟಬೇಕು, ಬೆಳಕೂ ಬರಬೇಕು, ಇಂಗಾಲವೂ ಇಳಿಯಬೇಕು ಅನ್ನುವುದು ನನ್ನ ಕನಸು. ಈ ಕನಸು ಈಗಲೂ ತಪ್ಪೆಂದು ನನಗನ್ನಿಸುವುದಿಲ್ಲ. ಸರ್ಕಾರಿ ಕಡತದ ಪ್ರಕಾರ ಆ ತಾಂಡಾ ವಿದ್ಯುದೀಕರಣಗೊಂಡ ಗ್ರಾಮವೊಂದಕ್ಕೆ ಸೇರಿತ್ತು. 2004ರ ವ್ಯಾಖ್ಯೆಯಂತೆ ಒಂದು ಗ್ರಾಮದ ನೂರರಲ್ಲಿ ಹತ್ತು ಮನೆಗೆ, ಜೊತೆಗೆ ಶಾಲೆ, ಪಂಚಾಯ್ತಿಯಂಥ ಕಡೆ ಕರೆಂಟು ಮುಟ್ಟಿದರೆ ಗ್ರಾಮಕ್ಕೇ ಮುಟ್ಟಿದಂತೆ. ಮೂಲ ಊರಲ್ಲಿ ಕಂಬಗಳಿದ್ದವು, ತಾಂಡಾದಲ್ಲಿ ಇರಲಿಲ್ಲ.

2012ರ ಬೇಸಗೆಯಲ್ಲಿ ಸಮೀಕ್ಷೆ ಮಾಡಿದೆವು. 58 ಮನೆ, ಮನೆ ತುಂಬ ಜನ. ಎಲ್ಲರೂ ತಿಂಗಳಿಗೆ 100 ರೂಪಾಯಿ ಕೊಡಲು ಒಪ್ಪಿದರು. ಮೇ ತಿಂಗಳೆಂದರೆ ಗುಳೆ ಹೋದವರೆಲ್ಲ ಮರಳಿ ಬಂದಿರುವ, ಕೈಯಲ್ಲಿ ಅಷ್ಟಿಷ್ಟು ರೊಕ್ಕ ಆಡುವ, ಮದುವೆಗಳು ನಡೆಯುವ ಕಾಲ. ತಾಂಡಾ ವರ್ಷಪೂರ್ತಿ ಹೀಗೇ ಇರುತ್ತದೆಂದು ನಾನು ಅಂದುಕೊಂಡೆ. ದೀಪಾವಳಿ ಕಳೆಯುತ್ತಲೇ ಕೂಲಿಯವರನ್ನು ಒಟ್ಟುಮಾಡುವ ಮುಕಾದಮನಿಂದ ಮುಂಗಡ ಪಡೆದ ಟೋಳಿಗಳು ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ, ಉಳಿದವರು ಪುಣೆ, ಮುಂಬೈ, ಬೆಂಗಳೂರಿನ ಕಟ್ಟಡಗಳಿಗೆ ಹೊರಟುಬಿಡುತ್ತಾರೆಂದು ಯಾರೂ ಮುಚ್ಚಿಟ್ಟಿರಲಿಲ್ಲ. ನಮ್ಮ ಪ್ರಶ್ನಾವಳಿಯಲ್ಲಿ ಆ ಪ್ರಶ್ನೆ ಇರಲಿಲ್ಲ, ಅಷ್ಟೆ. ಕೇಳಿದ್ದರೆ ತಾಂಡಾದ ಕಾರ್ಭಾರಿ ಮೊದಲ ದಿನವೇ ಹೇಳುತ್ತಿದ್ದರು.

2013ರ ಯುಗಾದಿಯ ನಂತರ, ಸೇವಾಲಾಲ್ ಗುಡಿಯ ಹಿಂದೆ ಘಟಕ ಚಾಲೂ ಆಯಿತು. 3 ಕಿಲೋವ್ಯಾಟಿನ ಪ್ಯಾನೆಲ್, 24 ಬ್ಯಾಟರಿ ಸೆಲ್, ಮನೆಗೆ ಎರಡು ಎಲ್‌ಇಡಿ ದೀಪ, ಮೊಬೈಲಿಗೆ ಒಂದು ಚಾರ್ಜಿಂಗ್ ಪಾಯಿಂಟ್. ಅರ್ಜಿಯಲ್ಲಿ ಇಂಗಾಲದ ಲೆಕ್ಕ ಬರೆದದ್ದು ನಾನು: ಒಂದು ಮನೆಗೆ ತಿಂಗಳಿಗೆ 3 ಲೀಟರ್ ಸೀಮೆಎಣ್ಣೆ, ಲೀಟರಿಗೆ ಸುಮಾರು ಎರಡೂವರೆ ಕಿಲೋ ಇಂಗಾಲದ ಡೈಆಕ್ಸೈಡ್, 58 ಮನೆಗೆ ವರ್ಷಕ್ಕೆ 5 ಟನ್ನಿಗಿಂತ ಸ್ವಲ್ಪ ಹೆಚ್ಚು ಉಳಿತಾಯ. ದೀಪ ಬಂದಮೇಲೂ ಜನ ರೇಷನ್ನಿನ ಚಿಮಣಿ ಎಣ್ಣೆ ಬಿಡಲಿಲ್ಲ. ಒಲೆ ಹೊತ್ತಿಸಲು ಬಳಸಿದರು, ಮಿಕ್ಕಿದ್ದನ್ನು ಮಾರಿದರು. ಹಾಗಾಗಿ ಆ 5 ಟನ್ ನನ್ನ ಕಾಗದದ ಮೇಲೆ ಮಾತ್ರ ಉಳಿಯಿತು. ಮೊದಲ ವರ್ಷ ನಾನು 14 ಸಲ ಬೆಂಗಳೂರಿನಿಂದ ಜೀಪಿನಲ್ಲಿ ಹೋಗಿ ಬಂದಿದ್ದೆ. ಒಂದು ಸಲಕ್ಕೆ ಹೆಚ್ಚುಕಮ್ಮಿ ಸಾವಿರ ಕಿಲೋಮೀಟರ್. ಸುಟ್ಟ ಡೀಸೆಲಿನ ಲೆಕ್ಕ ಹಾಕಿದರೆ 3 ಟನ್ ದಾಟುತ್ತದೆ. ಇದನ್ನು ಯಾವ ವರದಿಯಲ್ಲೂ ನಾನು ಬರೆಯಲಿಲ್ಲ.

ಉಳಿಸಲು ಇಂಗಾಲವೇ ಇಲ್ಲದವರ ಹತ್ತಿರ ಹೋಗಿ ನಾವು ಉಳಿತಾಯ ಹುಡುಕುತ್ತಿದ್ದೆವು. ಹೆಂಗಸರು ಆರಂಭದ ಸಭೆಯಲ್ಲೇ ಕೇಳಿದ್ದು ಬೇರೆ. “ದೀಪ ಇಲ್ದಿದ್ರೂ ಉಣ್ತೀವಿ, ಹಿಟ್ಟು ಇಲ್ದಿದ್ರ ಏನು ಉಣ್ಣೂದ್ರಿ? ಒಂದು ಗಿರಣಿ ಹಾಕ್ರಿ” ಅಂದಿದ್ದರು. ಜೋಳ ಬೀಸಿಸಲು ಮೂರು ಕಿಲೋಮೀಟರ್ ಆಚೆ ಡೀಸೆಲ್ ಗಿರಣಿಗೆ ತಲೆಮೇಲೆ ಹೊತ್ತು ನಡೆಯುತ್ತಿದ್ದರು. ನಮ್ಮ ಅನುದಾನ ಬೆಳಕಿಗೆ ಮಾತ್ರ ಎಂದು ನಾನು ಹೇಳಿದೆ. ಗಿರಣಿ ತಿರುಗುವುದು ಹಗಲಿನಲ್ಲಿ, ಬಿಸಿಲು ಇರುವುದೂ ಹಗಲಿನಲ್ಲಿ. ನಡುವೆ ಬ್ಯಾಟರಿಯೇ ಬೇಡ. ಎಂಜಿನಿಯರ್ ಆದ ನನಗೆ ಅವತ್ತೇ ಹೊಳೆಯಬೇಕಿದ್ದ ಮಾತಿದು.

ಬ್ಯಾಟರಿಗಳ ಕಥೆ ಹೇಳದೆ ಮುಂದೆ ಹೋಗಲಾರೆ. ಸೀಸ ಮತ್ತು ಆಮ್ಲದ ಬ್ಯಾಟರಿ ದನದ ಹಾಗೆ. ದಿನಾ ನೋಡಿಕೊಳ್ಳುವವರು ಬೇಕು, ಹೊತ್ತುಹೊತ್ತಿಗೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಅದಕ್ಕೆಂದು ಹತ್ತನೆಯ ತರಗತಿ ಪಾಸಾದ ಒಬ್ಬ ಹುಡುಗನನ್ನು ಆರಿಸಿ ತರಬೇತಿ ಕೊಟ್ಟೆವು. ಚುರುಕು ಹುಡುಗ, ಮನಸ್ಸಿಟ್ಟು ಕಲಿತ. ದೀಪಾವಳಿಯ ಮರುವಾರ ಅವನೂ ಟೋಳಿಯ ಜೊತೆ ಹೋದ. ಅವನ ಅಪ್ಪ ಮುಂಗಡ ಪಡೆದಿದ್ದ. ನಾವು ಕೊಡುತ್ತಿದ್ದ ಸಾವಿರದೈನೂರು ರೂಪಾಯಿ ಆ ಸಾಲಕ್ಕೆ ಯಾವ ಮೂಲೆಗೆ ಸಾಕು? ತಾಂಡಾ ಅರ್ಧ ಖಾಲಿಯಾದಾಗ ಕರೆಂಟಿನ ಬಳಕೆ ತಗ್ಗಿತು, ತುಂಬಿದ ಬ್ಯಾಟರಿಗೆ ದಿನವೂ ಮತ್ತೆ ಮತ್ತೆ ಚಾರ್ಜು ಏರಿ ನೀರು ಆವಿಯಾಯಿತು. ನೀರು ಹಾಕುವವರಿಲ್ಲದೆ ಒಳಗಿನ ಪ್ಲೇಟುಗಳು ಒಣಗಿದವು. ಯುಗಾದಿಗೆ ಎಲ್ಲರೂ ಬಂದರು, ದುಡಿದ ರೊಕ್ಕದಲ್ಲಿ ಟಿ.ವಿ. ತಂದರು, ಹಚ್ಚಿದರು. ನೊಂದ ಬ್ಯಾಟರಿಗಳು ತಳಮುಟ್ಟ ಖಾಲಿಯಾದವು. ಎರಡನೆಯ ವರ್ಷವೂ ಇದೇ ಆಯಿತು. 2015ರ ಬೇಸಗೆಗೆ ಅವು ಸತ್ತವು. ಹೊಸ ಬ್ಯಾಟರಿಗೆ ಲಕ್ಷ ದಾಟುತ್ತಿತ್ತು. ಸಮಿತಿಯ ಖಾತೆಯಲ್ಲಿದ್ದದ್ದು 19,000.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಚುಚ್ಚುವುದು ಇನ್ನೊಂದು. 2011ರಲ್ಲಿ ನಾನು ರಾಜಸ್ಥಾನದ ತಿಲೋನಿಯಾಕ್ಕೆ ಹೋಗಿದ್ದೆ. ಬಂಕರ್ ರಾಯ್ 1972ರಲ್ಲಿ ಶುರುಮಾಡಿದ ಬೇರ್‌ಫುಟ್ ಕಾಲೇಜಿನಲ್ಲಿ ಓದುಬರಹ ಬಾರದ ಅಜ್ಜಿಯರು ಬಣ್ಣಗಳ ಗುರುತಿನ ಮೇಲೆ ಸರ್ಕ್ಯೂಟ್ ಕಲಿತು ಬೆಸುಗೆ ಹಾಕುತ್ತಿದ್ದರು. ಆಫ್ರಿಕಾದ ಹಳ್ಳಿಗಳಿಂದ ಬಂದವರೂ ಇದ್ದರು. ಅಜ್ಜಿಯರನ್ನೇ ಯಾಕೆ ಆರಿಸುತ್ತಾರೆಂದು ಅಲ್ಲಿ ವಿವರಿಸಿದ್ದರು: ಗಂಡು ಹುಡುಗರು ಸರ್ಟಿಫಿಕೇಟು ಸಿಕ್ಕ ಕೂಡಲೇ ಪೇಟೆಗೆ ಹೋಗುತ್ತಾರೆ, ಅಜ್ಜಿಯರು ಊರಲ್ಲಿ ಉಳಿಯುತ್ತಾರೆ. ನಾನು ಮೆಚ್ಚಿದೆ, ಫೋಟೊ ತೆಗೆದೆ, ಬೆಂಗಳೂರಿನಲ್ಲಿ ಆ ಫೋಟೊಗಳನ್ನು ತೋರಿಸಿ ಉಪನ್ಯಾಸವನ್ನೂ ಕೊಟ್ಟೆ. ಎರಡು ವರ್ಷ ಕಳೆದು, ತಾಂಡಾದಲ್ಲಿ ಹನ್ನೆರಡು ತಿಂಗಳೂ ಇರುತ್ತಿದ್ದ, ಆಡು ಕಟ್ಟಿಕೊಂಡು, ಮೊಮ್ಮಕ್ಕಳನ್ನು ಸಾಕಿಕೊಂಡು ಗುಡಿಯ ಕಟ್ಟೆಯಲ್ಲಿ ಕೂರುತ್ತಿದ್ದ ಹೆಂಗಸರ ಮುಂದೆಯೇ ನಡೆದುಹೋಗಿ ಹತ್ತನೆಯ ತರಗತಿಯ ಹುಡುಗನನ್ನು ಹುಡುಕಿದೆ. ಆ ಹೆಂಗಸರಲ್ಲಿ ಒಬ್ಬರ ತಂತಿಯನ್ನೇ ಆಮೇಲೆ ಕತ್ತರಿಸಿದ್ದು.

ಇಂಥ ಸೋಲು ನನ್ನೊಬ್ಬನದಲ್ಲ. ಬಿಹಾರದ ಧರ್ನಾಯಿಯಲ್ಲಿ 2014ರಲ್ಲಿ 100 ಕಿಲೋವ್ಯಾಟಿನ ಘಟಕ ಬಂದಾಗ ದೇಶವೆಲ್ಲ ಕೊಂಡಾಡಿತು. ಜನ ಫ್ರಿಜ್ಜಿಗೂ ಸಾಲುವ ‘ಅಸಲಿ’ ಕರೆಂಟು ಬೇಕೆಂದರು. ಸರ್ಕಾರದ ಲೈನು ಬಂತು, ಅದು ಅಗ್ಗವಾಗಿತ್ತು, ಸೌರ ಘಟಕ ಮೂಲೆಗೆ ಬಿತ್ತು. ನಮ್ಮ ಪಾವಗಡದ 2,050 ಮೆಗಾವ್ಯಾಟಿನ ಪಾರ್ಕಿನಲ್ಲಿ ಸುಮಾರು 13,000 ಎಕರೆಗೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ, ಬಾಡಿಗೆ ಸಿಗುತ್ತಿದೆ. ಸತತ ಬರ ಕಂಡ ರೈತರಿಗೆ ಅದು ದೊಡ್ಡ ಆಸರೆ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಗುಂಟೆ ನೆಲವೂ ಇಲ್ಲದವರ ಕೈಗೆ ಬಾಡಿಗೆ ಬರುವುದಿಲ್ಲ, ಕೂಲಿಯೂ ಹೋಯಿತು. ಅಲ್ಲಿ ಓಡಾಡಿದಾಗ ನನಗೆ ನಮ್ಮ ಪ್ರಶ್ನಾವಳಿಯ ನೆನಪೇ ಬರುತ್ತಿತ್ತು.

2018ರಲ್ಲಿ ತಾಂಡಾಕ್ಕೆ ಸರ್ಕಾರದ ಲೈನು ಬಂತು. 2023ರಿಂದ ಗೃಹಜ್ಯೋತಿಯಲ್ಲಿ ಮನೆಗಳಿಗೆ ಬಿಲ್ಲೂ ಇಲ್ಲ. ಒಳ್ಳೆಯದೇ ಆಯಿತು. ನಾನು ಸಂಸ್ಥೆ ಬಿಟ್ಟಿದ್ದರೂ ಪ್ಯಾನೆಲ್‌ಗಳು ಮನಸ್ಸಿನಲ್ಲಿದ್ದವು. 25 ವರ್ಷ ಬಾಳುವ ವಸ್ತು ಗುಡಿಯ ಹಿಂದೆ ಧೂಳು ತಿನ್ನುತ್ತಿತ್ತು. 2022ರಲ್ಲಿ ನಾವು ಮೂವರು ಗೆಳೆಯರು ಕೈಯಿಂದ ದುಡ್ಡು ಹಾಕಿ, ಅವೇ ಪ್ಯಾನೆಲ್‌ಗಳಿಗೆ 2 ಎಚ್‌ಪಿ ಮೋಟರಿನ ಗಿರಣಿ ಜೋಡಿಸಿದೆವು. ಬ್ಯಾಟರಿ ಇಲ್ಲ. ಬಿಸಿಲಿದ್ದರೆ ತಿರುಗುತ್ತದೆ, ಮೋಡ ಕವಿದರೆ ನಿಲ್ಲುತ್ತದೆ. ದರ ಎಷ್ಟು, ಯಾರಿಗೆ ಉದ್ರಿ ಕೊಡಬೇಕು ಎಂಬುದನ್ನು ಹೆಂಗಸರ ಸಂಘವೇ ಗೊತ್ತುಮಾಡಿತು. ಗುಳೆ ಹೋದವರ ಮನೆಯ ಬಾಕಿ ಯುಗಾದಿಗೆ ಎಂದು ಅವರೇ ಬರೆದುಕೊಂಡಿದ್ದಾರೆ. ಜನವರಿಯಲ್ಲಿ ಗಿರಣಿ ವಾರಕ್ಕೆ ಎರಡೇ ದಿನ ನಡೆಯುತ್ತದೆ, ಬೀಸಿಸಿಕೊಳ್ಳುವವರು ಊರಲ್ಲಿಲ್ಲ. ಗುಳೆ ನಿಂತಿಲ್ಲ.

ಅಜ್ಜಿ 2020ರಲ್ಲಿ ತೀರಿಹೋಗಿದ್ದರು. ಗಿರಣಿ ಶುರುವಾದ ದಿನ ಅವರ ಸೊಸೆ ಜೋಳದ ಚೀಲ ಹೊತ್ತು ಬಂದಿದ್ದಳು. ತಂತಿ ಕತ್ತರಿಸಿದ್ದನ್ನು ಹೇಳಿ ತಪ್ಪಾಯಿತು ತಂಗೀ ಅಂದೆ. ಅವಳಿಗೆ ಗೊತ್ತಿತ್ತು.

“ದೀಪದ್ದೇನಿಲ್ರಿ ಅಣ್ಣಾರ, ಕಂದೀಲ್ ಇತ್ತು” ಅಂದಳು. “ನೀವು ತಂತಿ ತೆಗೆದ ಮ್ಯಾಲ ಅತ್ತಿ ಫೋನ್ ಹತ್ತಲೇ ಇಲ್ಲ. ಮಕ್ಕಳು ಆಕಿ ಹಂತೇಲಿ ಇದ್ದೂ. ಹೆಂಗದಾವೋ ಏನೋ ಅಂತ ಗದ್ದ್ಯಾಗ ಕುಂತು ಎರಡು ತಿಂಗಳು ಅತ್ತೀನ್ರಿ.”

ಚಾರ್ಜಿಂಗ್ ಪಾಯಿಂಟನ್ನು ನಮ್ಮ ಅರ್ಜಿಯಲ್ಲಿ ಕೊನೆಯ ಸಾಲಿನಲ್ಲಿ ಬರೆದಿದ್ದೆವು, ‘ಹೆಚ್ಚುವರಿ ಸೌಲಭ್ಯ’ ಎಂದು.