ಮಲೆಯಿಂದ ಅಳಿವೆಯವರೆಗೆ

ಕಾಫಿಯ ಕೊಯ್ಲು ಮುಗಿದು, ಕಣದಲ್ಲಿ ಹರಡಿದ್ದ ಹಣ್ಣು ಒಣಗಿ ಗೋಣಿಗೆ ಸೇರಿ, ತೋಟದವರೆಲ್ಲರೂ ಹೂಮಳೆಯ ದಾರಿಯನ್ನು ನೋಡುತ್ತ ಕುಳಿತಿರುವ ಕಾಲದಲ್ಲಿ ನಮಗೊಂದು ಕಾಗದವು ಬಂದಿತು. ಬರೆದವಳು ನಮ್ಮ ಸೋದರಮಾವನವರ ಮಗಳು; ಮಂಗಳೂರಿನಿಂದ ತೆಂಕಣಕ್ಕೆ, ಸೋಮೇಶ್ವರದ ಉಚ್ಚಿಲದ ಕಡಲಬದಿಯಲ್ಲಿ ಸಂಸಾರ ಹೂಡಿರುವವಳು. “ಭಾವ, ಮುಂದಿನ ಮಳೆಗಾಲದೊಳಗೆ ಈ ಮನೆಯನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬುದನ್ನು ನಾವು ನಿಶ್ಚಯಿಸಬೇಕಾಗಿದೆ. ಅತ್ತೆಯನ್ನು ಕರೆದುಕೊಂಡು ಒಮ್ಮೆ ಬಂದು ನೋಡಿ ಹೋಗಿ” ಎಂದಿಷ್ಟೇ ಒಕ್ಕಣೆ. ಹೆಚ್ಚು ಬರೆಯುವ ಅಭ್ಯಾಸ ಅವಳಿಗಿಲ್ಲ. ಆದುದರಿಂದಲೇ ನಮಗೆ ಕಳವಳವು ಹೆಚ್ಚಾಯಿತು.

ಚಿಕ್ಕಮಗಳೂರಿನಿಂದ ಕಡಲಿಗೆ ಇಳಿಯುವುದಕ್ಕೆ ಮೂಡಿಗೆರೆಯ ನೇರವಾದ ದಾರಿಯಿರುವುದು. ಆದರೆ ನಮ್ಮ ತಾಯಿಯವರು, “ನದಿಯ ತಲೆಯನ್ನು ನೋಡದೆ ಕಾಲನ್ನು ನೋಡಲು ಹೋಗಬಾರದು, ಕಳಸದಲ್ಲಿ ಒಂದು ರಾತ್ರಿ ತಂಗಿ ಹೋಗೋಣ” ಎಂದರು. ಹಿರಿಯರ ಮಾತಿಗೆ ಎದುರಾಡದೆ ಆಲ್ದೂರು, ಬಾಳೆಹೊನ್ನೂರುಗಳ ಮಾರ್ಗವನ್ನು ಹಿಡಿದೆವು. ಬಾಬಾಬುಡನ್ನರು ಏಳು ಬೀಜಗಳನ್ನು ತಂದ ಕಥೆಯನ್ನು ವಾಚಕರು ಬಲ್ಲರಾದುದರಿಂದ ಅದನ್ನಿಲ್ಲಿ ಹೇಳುವುದಿಲ್ಲ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಮೈಸೂರು ಸರ್ಕಾರದವರು ತೆರೆದ ಕಾಫಿ ಪ್ರಯೋಗಕೇಂದ್ರದ ವಿಷಯವಾಗಿ ಮಾತ್ರ ಒಂದು ಮಾತು. ಎಲೆರೋಗದಿಂದ ಬೆಳೆ ಹಾಳಾದಮೇಲೆ ಬೆಳೆಗಾರನ ಕಣ್ಣೀರನ್ನೊರಸುವುದಕ್ಕಿಂತ, ರೋಗವನ್ನು ತಾಳಿಕೊಳ್ಳುವ ಗಿಡವನ್ನು ಮೊದಲೇ ಅವನ ಕೈಗೆ ಕೊಡುವುದು ಮೇಲೆಂಬ ಬುದ್ಧಿಯು ಆ ಕಾಲದವರಿಗೆ ಇದ್ದಿತು. ಈ ಮಾತು ಮುಂದೆ ನಮಗೆ ಪ್ರಯೋಜನಕ್ಕೆ ಬರುವುದು.

ಕಳಸವನ್ನು ಸೇರಿದಾಗ ಸಂಜೆಯಾಗಿದ್ದಿತು. ಕಳಸೇಶ್ವರನ ದರ್ಶನವಾದ ಮರುದಿನ ಬೆಳಿಗ್ಗೆ ಭದ್ರೆಯ ಅಂಬುತೀರ್ಥಕ್ಕೆ ಹೋದೆವು. ಬೇಸಗೆಯ ಭದ್ರೆಯು ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿದ್ದಳು. ಶ್ರೀ ಮಧ್ವಾಚಾರ್ಯರು ಒಂದೇ ಕೈಯಿಂದ ತಂದಿಟ್ಟರೆಂದು ಹೇಳುವ ದೊಡ್ಡ ಶಿಲೆಯೊಂದು ಅಲ್ಲಿದೆ. ಅದರ ಮೇಲೆ ಶಾಸನವೂ ಇದೆ. ಇದೇ ನದಿಯು ಆಷಾಢ ಶ್ರಾವಣಗಳಲ್ಲಿ ಉಕ್ಕಿದರೆ ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆಯು ನೀರಿನಲ್ಲಿ ಮುಳುಗುತ್ತಿದ್ದುದನ್ನು ಊರಿನವರೆಲ್ಲರೂ ಕಂಡವರೇ. ನೀರು ಅದೇ, ಕಲ್ಲು ಅದೇ. ಕಾಲ ಮಾತ್ರ ಬೇರೆ. ನದಿಯ ಬದಿಯಲ್ಲಿ ಬಾಳುವವನು ಬೇಸಗೆಯ ನದಿಯನ್ನು ನೋಡಿ ಮನೆ ಕಟ್ಟಬಾರದೆಂಬುದು ಮಲೆನಾಡಿನ ಹಿರಿಯರ ಅನುಭವ.

ಕಳಸದ ಪಡುವಲಲ್ಲಿ ಕುದುರೆಮುಖದ ಸಾಲು ನೀಲಿಯಾಗಿ ಕಾಣುತ್ತಿದ್ದಿತು. ತುಂಗೆ, ಭದ್ರೆ, ನೇತ್ರಾವತಿಗಳೆಂಬ ಮೂರು ನದಿಗಳ ತವರು ಆ ಸಾಲಿನಲ್ಲಿಯೇ ಇರುವುದು. ಅಲ್ಲಿ 1976ರಲ್ಲಿ ಸ್ಥಾಪಿತವಾದ ಸರ್ಕಾರದ ಕಬ್ಬಿಣದ ಅದಿರಿನ ಕಂಪೆನಿಯು ಬೆಟ್ಟವನ್ನಗೆದು, ಅದಿರನ್ನು ನೀರಿನೊಡನೆ ಕಲಸಿ, ಕೊಳವೆಯ ಮೂಲಕ ಮಂಗಳೂರಿನ ಪಣಂಬೂರಿಗೆ ಇಳಿಸುತ್ತಿದ್ದಿತು. ಭದ್ರೆಯಲ್ಲಿ ಹೂಳು ತುಂಬುವುದೆಂದು ಜನರು ಹಲವು ವರ್ಷ ಹೋರಾಡಿದರು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಯಲ್ಲಿ ಗಣಿಯು ನಿಂತಿತು. ಬೆಟ್ಟದ ಮಣ್ಣು ಕಡಲಬದಿಗೆ ಸಂಬಂಧಪಟ್ಟ ಸಂಗತಿಯೆಂಬುದನ್ನು ಆ ಕೊಳವೆಯೇ ನಮಗೆ ಕಲಿಸಿದ್ದಿತು; ನಾವು ಕಲಿತೆವೋ ಇಲ್ಲವೋ ಎಂಬುದು ಬೇರೆ.

ಕಳಸದಿಂದ ಕೊಟ್ಟಿಗೆಹಾರದ ಕಡೆಗೆ ಬರುವಾಗ ಜಾವಳಿಯಲ್ಲಿ ಹೇಮಾವತಿಯ ಮೂಲವನ್ನು ಕಂಡೆವು. ಈ ಗುಡ್ಡಗಳ ಮೇಲೆ ಸುರಿಯುವ ಮಳೆಗೆ ಎರಡು ದಾರಿಗಳು. ಮೂಡಣಕ್ಕೆ ಇಳಿದ ನೀರು ಹೇಮಾವತಿಯಾಗಿ ಕಾವೇರಿಯನ್ನೋ, ಭದ್ರೆಯಾಗಿ ತುಂಗೆಯ ಮೂಲಕ ಕೃಷ್ಣೆಯನ್ನೋ ಸೇರಿ, ನೂರಾರು ಮೈಲಿ ನಡೆದು ಬಂಗಾಳಕೊಲ್ಲಿಗೆ ಹೋಗುವುದು. ಪಡುವಣಕ್ಕೆ ಇಳಿದ ನೀರು ಒಂದೇ ಹಗಲಿನ ಪ್ರಯಾಣದಷ್ಟು ದೂರದಲ್ಲಿ ಅರಬ್ಬೀ ಸಮುದ್ರಕ್ಕೆ ಬೀಳುವುದು. ನಮ್ಮ ತಾಯಿಯವರು ಗುಂಡಿಯ ನೀರನ್ನು ಕಣ್ಣಿಗೊತ್ತಿಕೊಂಡು, “ಒಂದೇ ಮನೆಯಲ್ಲಿ ಹುಟ್ಟಿ ಬೇರೆ ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳಂತೆ” ಎಂದರು.

ಕೊಟ್ಟಿಗೆಹಾರದಲ್ಲಿ ನೀರುದೋಸೆಯನ್ನು ತಿಂದು, ಬಣಕಲ್ಲಿನಲ್ಲಿರುವ ನಮ್ಮ ಹಳೆಯ ಸ್ನೇಹಿತರೊಬ್ಬರನ್ನು ಕಾಣಲು ಹೋದೆವು. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದ ಕಡೆಗಳಲ್ಲಿ ಗುಡ್ಡಗಳು ಜರಿದು ಮನೆ, ಗದ್ದೆ, ತೋಟಗಳು ಮಣ್ಣುಪಾಲಾದುದನ್ನು ವಾಚಕರು ಮರೆತಿರಲಾರರು. ನಮ್ಮ ಸ್ನೇಹಿತರ ಮನೆಯೂ ಆ ಮಳೆಗೇ ಹೋಯಿತು. ಪೂರ್ಣವಾಗಿ ಹಾಳಾದ ಮನೆಗೆ 5 ಲಕ್ಷ ರೂಪಾಯಿಯೆಂದು ಅಂದಿನ ರಾಜ್ಯಸರ್ಕಾರವು ಗೊತ್ತುಮಾಡಿದ್ದಿತು. “ಹಣ ಬಂತು, ಇಲ್ಲವೆನ್ನುವುದಿಲ್ಲ. ಆದರೆ ಹಣವನ್ನು ಎಲ್ಲಿ ಊರುವುದು? ಹಳೆಯ ಜಾಗದಲ್ಲಿ ಕಟ್ಟಬೇಡಿ ಎಂದರು. ಹೊಸ ಜಾಗ ಯಾವುದೆಂದು ಹೇಳುವುದಕ್ಕೆ ವರ್ಷಗಳು ಹಿಡಿದವು. ಅಷ್ಟರಲ್ಲಿ ಬಾಡಿಗೆಗೂ ಔಷಧಕ್ಕೂ ಅರ್ಧ ಕರಗಿತು” ಎಂದು ಅವರು ಶಾಂತವಾಗಿಯೇ ಹೇಳಿದರು. ಅವರ ಮನೆಯಾಕೆಯು ಕಾಫಿಯನ್ನು ತಂದಿಟ್ಟು, “ಗುಡ್ಡ ಬಾಯಿಬಿಟ್ಟಿರುವುದನ್ನು ಹಿಂದಿನ ವರ್ಷವೇ ನೋಡಿದ್ದೆವು. ಯಾರಿಗೆ ಹೇಳುವುದೆಂದು ಗೊತ್ತಿರಲಿಲ್ಲ” ಎಂದರು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಚಾರ್ಮಾಡಿಯ ಘಾಟಿಯನ್ನು ಇಳಿದೆವು.

ಘಾಟಿಯ ಸೊಬಗನ್ನು ವರ್ಣಿಸುವವರು ಬಹಳ ಮಂದಿಯಿದ್ದಾರೆ. ನಮ್ಮ ಕಣ್ಣು ಅಂದು ಹಸುರಿಗಿಂತ ಹೆಚ್ಚಾಗಿ, ಜರಿದ ಧರೆಗಳಿಗೆ ಕಟ್ಟಿದ ಹೊಸ ಗೋಡೆಗಳ ಮೇಲೆಯೇ ಇದ್ದಿತು. ಕೆಳಗೆ ಹಳ್ಳಗಳು ಕೂಡಿ ಮೃತ್ಯುಂಜಯಾ ನದಿಯಾಗಿ ನೇತ್ರಾವತಿಯನ್ನು ಸೇರುವುವು. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯು ಬಂದು ಕೂಡುವಳು. ಬಂಟವಾಳದ ಹಿರಿಯರು 1923ರ ಮತ್ತು 1974ರ ಮಹಾಪ್ರವಾಹಗಳನ್ನು ಇಂದಿಗೂ ಕಾಲದ ಗುರುತಾಗಿ ಹೇಳುವರು. ತುಂಬೆಯ ಅಣೆಕಟ್ಟಿನಲ್ಲಿ ನಿಂತ ನೀರೇ ಮಂಗಳೂರಿಗೆ ಕುಡಿಯುವ ನೀರು. ನದಿಯು ಕಡಲಿಗೆ ಒಯ್ಯುವುದು ನೀರನ್ನು ಮಾತ್ರವಲ್ಲ. ಗುಡ್ಡದ ಕಲ್ಲನ್ನು ಅರೆದು ಹೊಯಿಗೆಯನ್ನೂ ಒಯ್ಯುವುದು. ಆ ಹೊಯಿಗೆಯೇ ಕಡಲಬದಿಯ ಆಸ್ತಿ. ಅಣೆಕಟ್ಟಿನ ಹಿಂದೆ ನಿಂತ ಹೊಯಿಗೆ, ದೋಣಿಗಳಲ್ಲಿ ತೆಗೆದು ಲಾರಿಗಳಿಗೆ ತುಂಬಿದ ಹೊಯಿಗೆ, ಇವೆರಡೂ ದಡಕ್ಕೆ ಬರಬೇಕಾದ ಲೆಕ್ಕದಲ್ಲಿ ಕಡಮೆಯಾಗುವುವು.

ಮಧ್ಯಾಹ್ನದ ಹೊತ್ತಿಗೆ ರಾಣಿ ಅಬ್ಬಕ್ಕನ ಉಳ್ಳಾಲವನ್ನು ಸೇರಿದೆವು. ನೇತ್ರಾವತಿಯೂ ಫಲ್ಗುಣಿಯೂ ಕೂಡಿ ಕಡಲಿಗೆ ಬೀಳುವ ಅಳಿವೆಯ ಎರಡು ಮಗ್ಗುಲುಗಳಲ್ಲಿ, ಹಡಗು ದೋಣಿಗಳ ಹಾದಿಯನ್ನು ಕಾಪಾಡಲೆಂದು ಕಲ್ಲಿನ ಅಲೆತಡೆಗಳಿವೆ. ದಡದುದ್ದಕ್ಕೂ ಓಡಾಡುವ ಹೊಯಿಗೆಗೆ ಇಂತಹ ಗೋಡೆಯು ಅಡ್ಡಬಂದರೆ ಒಂದು ಕಡೆ ತುಂಬಿ ಇನ್ನೊಂದು ಕಡೆ ಬರಿದಾಗುವುದು. ಬಡಗಣ ಬೆಂಗ್ರೆಯು ಬೆಳೆಯಿತು; ತೆಂಕಣ ಉಳ್ಳಾಲವು ಸವೆಯಿತು. ಪ್ರತಿ ಮಳೆಗಾಲವೂ ಕಡಲ್ಕೊರೆತಕ್ಕೆ ಕಗ್ಗಲ್ಲನ್ನು ಸುರಿಯುವುದು, ಮುಂದಿನ ಮಳೆಗಾಲಕ್ಕೆ ಆ ಕಲ್ಲು ಹೊಯಿಗೆಯಲ್ಲಿ ಇಳಿಯುವುದು, ಮತ್ತೆ ಸುರಿಯುವುದು, ಇದೇ ಬಹುಕಾಲ ನಡೆಯಿತು. ಅನಂತರ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ತೀರರಕ್ಷಣೆಯ ದೊಡ್ಡ ಯೋಜನೆಯೊಂದು ಬಂದಿತು. 2010ರಲ್ಲಿ ಒಪ್ಪಿಗೆಯಾದ ಆ ಯೋಜನೆಯ ಒಟ್ಟು ಮೊತ್ತ 25 ಕೋಟಿ ಡಾಲರು. ಅದರ ಎರಡನೆಯ ಕಂತಾಗಿ ಕರ್ನಾಟಕಕ್ಕೆ 6 ಕೋಟಿ 55 ಲಕ್ಷ ಡಾಲರುಗಳ ಒಪ್ಪಂದಕ್ಕೆ 2018ರಲ್ಲಿ ರುಜುವಾಯಿತು. ಉಳ್ಳಾಲದ ಎದುರಿಗೆ ನೀರಿನೊಳಗೆ ದಿಬ್ಬಗಳನ್ನು ಕಟ್ಟಿ, ತೆರೆಯು ದಡಕ್ಕೆ ಬರುವ ಮೊದಲೇ ಅದರ ಸೊಕ್ಕು ಮುರಿಯುವಂತೆ ಮಾಡಿದರು. ಹಳೆಯ ಅಲೆತಡೆಗಳನ್ನೂ ದುರಸ್ತಿಗೊಳಿಸಿದರು. ಗೃಹಸ್ಥರು ಇಲ್ಲಿ ಒಂದನ್ನು ಗಮನಿಸಬೇಕು: ಇದು ಸಾಲ, ಕೊಡುಗೆಯಲ್ಲ. ಕಡಲನ್ನೇ ಕಾಣದ ಊರಿನವರೂ ಅದರ ತೀರುವಳಿಯಲ್ಲಿ ಪಾಲುಗಾರರು.

ಉಳ್ಳಾಲದಲ್ಲಿ ದಡವು ಸ್ವಲ್ಪ ಉಸಿರಾಡಿತೆಂದು ಕೆಲವರು ಹೇಳಿದರು. ಆದರೆ ಸೋಮೇಶ್ವರದ ಬಂಡೆಯ ಮೇಲಿನ ದೇವಾಲಯವನ್ನು ದಾಟಿ ತೆಂಕಣಕ್ಕೆ ಹೋದಂತೆ ಚಿತ್ರವು ಬೇರೆಯಾಗುವುದು. ಉಚ್ಚಿಲದ ಬಟ್ಟಪ್ಪಾಡಿಯಲ್ಲಿ 2022ರ ಮಳೆಗಾಲದಲ್ಲಿ ರಸ್ತೆಯೇ ಕಡಲಿಗೆ ಸೇರಿತು. ಒಂದು ಊರಿನ ಬಾಗಿಲನ್ನು ಭದ್ರಪಡಿಸಿದರೆ ಕಳ್ಳನು ಮುಂದಿನ ಊರಿಗೆ ಹೋಗುವನೆಂಬುದು ಅಲ್ಲಿನ ಜನರ ದೂರು.

ನಮ್ಮ ಸೋದರಮಾವನವರ ಮಗಳ ಮನೆಯ ಅಂಗಳದಲ್ಲಿ ಮೊದಲು ಮೂರು ಸಾಲು ತೆಂಗಿನ ಮರಗಳಿದ್ದುವು. ಈಗ ಒಂದೇ ಸಾಲು. ತುಲಸಿಕಟ್ಟೆಯನ್ನು ಎರಡು ಸಲ ಹಿಂದಕ್ಕೆ ಸರಿಸಿದ್ದಾರೆ. ಬಾವಿಯ ನೀರು ಬೇಸಗೆಯಲ್ಲಿ ಉಪ್ಪಾಗುವುದು. ಅವಳು ನಮ್ಮ ತಾಯಿಯವರ ಕಾಲಿಗೆರಗಿ, “ಅತ್ತೆ, ನಿಮ್ಮ ಮಲೆಯ ನೀರು ಇಲ್ಲಿಗೇ ಬರುವುದು. ಮೊದಲು ಹೊಯಿಗೆಯನ್ನೂ ತರುತ್ತಿತ್ತು, ಈಗ ಬರಿಗೈಯಲ್ಲಿ ಬರುತ್ತದೆ” ಎಂದು ನಕ್ಕಳು. ಆ ನಗೆಯು ನಮಗೆ ಹಿತವಾಗಲಿಲ್ಲ.

ಹೊಯಿಗೆಯ ಕೊರತೆಯೊಂದೇ ಅಲ್ಲ, ಕಡಲಿನ ಮಟ್ಟವೇ ಏರುತ್ತಿರುವುದು. ಒಲೆಯ ಮೇಲೆ ಕಂಠದವರೆಗೆ ತುಂಬಿಟ್ಟ ಪಾತ್ರೆಯ ನೀರು ಕಾದಂತೆ ಹಿಗ್ಗಿ ಹೊರಚೆಲ್ಲುವುದನ್ನು ನಮ್ಮ ಗೃಹಿಣಿಯರು ನಿತ್ಯವೂ ಕಾಣುವರು. ಭೂಮಿಯು ಕಾವೇರಿದಂತೆ ಕಡಲೂ ಹಾಗೆಯೇ ಹಿಗ್ಗುವುದು. ಹಿಮಗಡ್ಡೆಗಳು ಕರಗಿದ ನೀರೂ ಅದಕ್ಕೆ ಸೇರುವುದು. 1901ರಿಂದ 2018ರವರೆಗೆ ಲೋಕದ ಕಡಲುಗಳ ಮಟ್ಟವು ಸರಾಸರಿ 20 ಸೆಂಟಿಮೀಟರುಗಳಷ್ಟು ಏರಿತೆಂದು ವಿವಿಧ ದೇಶಗಳ ವಿಜ್ಞಾನಿಗಳು ಕೂಡಿ ಲೆಕ್ಕಹಾಕಿದ್ದಾರೆ. ಏರುವ ವೇಗವೂ ಹೆಚ್ಚುತ್ತಿದೆ. ಒಂದು ಗೇಣಷ್ಟು ತಾನೇ ಎಂದು ತಾತ್ಸಾರ ಮಾಡಲಾಗದು. ಇಳಿಜಾರು ಕಡಮೆಯಾದ ಹೊಯಿಗೆಯ ದಡದಲ್ಲಿ ಗೇಣು ನೀರೇರಿದರೆ ತೆರೆಯು ಹಲವು ಮಾರು ಒಳಗೆ ಬರುವುದು. ದೇಶದ ಕಡಲಂಚಿನಲ್ಲಿ ಸುಮಾರು ಮೂರರಲ್ಲೊಂದು ಪಾಲು, ಕರ್ನಾಟಕದಲ್ಲಿ ಸುಮಾರು ಕಾಲುಪಾಲು, 1990ರಿಂದ 2018ರವರೆಗೆ ಸವೆದಿರುವುದಾಗಿ ಸರ್ಕಾರದ ತಜ್ಞರೇ ಅಳೆದು ಹೇಳಿದ್ದಾರೆ.

ರಾತ್ರಿಯ ಊಟವಾದಮೇಲೆ ಜಗಲಿಯಲ್ಲಿ ಕುಳಿತು ಹಣದ ಮಾತಿಗೆ ಬಂದೆವು. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಐದು ವರ್ಷಗಳಿಗೆ ಮಾಡಿದ ಶಿಫಾರಸಿನಲ್ಲಿ ಹೊಸದೊಂದು ದೃಷ್ಟಿಯಿದ್ದಿತು. ರಾಜ್ಯಗಳಿಗೆ ವಿಪತ್ತಿನ ಬಾಬ್ತು ಬರುವ ನೂರು ರೂಪಾಯಿಯಲ್ಲಿ ಇಪ್ಪತ್ತನ್ನು ಕೇಡು ಬಾರದಂತೆ ತಡೆಯುವ ಕೆಲಸಕ್ಕೇ ತೆಗೆದಿಡಬೇಕು, ಹತ್ತನ್ನು ಸಿದ್ಧತೆಗೆ ಬಳಸಬೇಕು ಎಂದಿತು. ಇದಲ್ಲದೆ ಕೊರೆತವನ್ನು ತಡೆಯುವುದಕ್ಕೆ 1,500 ಕೋಟಿ, ಕೊರೆತದಿಂದ ನೆಲೆಗೆಟ್ಟವರಿಗೆ ಬೇರೆಡೆ ನೆಲೆ ಕಲ್ಪಿಸುವುದಕ್ಕೆ 1,000 ಕೋಟಿ ರೂಪಾಯಿಗಳನ್ನು ದೇಶಕ್ಕೆಲ್ಲ ಸೇರಿಸಿ ಸೂಚಿಸಿತು. ಕಡಲೋ ನದಿಯೋ ನುಂಗಿದ ನೆಲದವನಿಗೂ ಬೇರೊಂದು ನೆಲೆ ಸಲ್ಲಬೇಕೆಂಬುದನ್ನು ಲೆಕ್ಕದ ಪುಸ್ತಕದಲ್ಲಿ ಬರೆದುದೇ ದೊಡ್ಡ ಮಾತು. ಈಚೆಗೆ ವಿಶ್ವಬ್ಯಾಂಕಿನ ನೆರವಿನ ಕೆ-ಶೋರ್ ಎಂಬ ಕರಾವಳಿಯ ಯೋಜನೆಯೂ ನಮ್ಮ ರಾಜ್ಯಕ್ಕೆ ಬಂದಿರುವುದು.

ಮನೆಯ ಯಜಮಾನರು ಎಲ್ಲವನ್ನೂ ಕೇಳಿ, “ಹಣವಿದೆಯೆಂದು ಪತ್ರಿಕೆಯಲ್ಲಿ ಓದುತ್ತೇವೆ. ಆದರೆ ನಮ್ಮ ಊರಿನ ಯಾವ ಮನೆ ಎಷ್ಟು ವರ್ಷ ನಿಲ್ಲುತ್ತದೆ, ಯಾವ ಮನೆ ಈಗಲೇ ಏಳಬೇಕು, ಎದ್ದವನು ಎಲ್ಲಿ ಕೂರಬೇಕು ಎಂಬುದನ್ನು ಊರಿನವರನ್ನು ಕೂಡಿಸಿ ಬರೆದವರಿಲ್ಲ. ಬರೆದಿಡದ ಊರಿಗೆ ಕಲ್ಲು ಬರುತ್ತದೆ, ಯೋಜನೆ ಬರುವುದಿಲ್ಲ” ಎಂದರು. ಬಣಕಲ್ಲಿನ ಸ್ನೇಹಿತರ ಮನೆಯಾಕೆಯ ಮಾತು ನಮಗೆ ಆಗ ನೆನಪಾಯಿತು. ಗುಡ್ಡದಲ್ಲಿ ಬಿರುಕನ್ನು ಕಂಡವಳಿಗೂ, ದಡದಲ್ಲಿ ತೆಂಗು ಬಾಗಿದುದನ್ನು ಕಂಡವಳಿಗೂ ಒಂದೇ ಕೊರತೆ: ಕಂಡುದನ್ನು ಹೇಳಲು ಒಂದು ಬಾಗಿಲು.

ನಮ್ಮ ತಾಯಿಯವರು ಅಲ್ಲಿಯವರೆಗೆ ಸುಮ್ಮನಿದ್ದವರು, “ಮನೆ ಬಿಡುವುದು ಸೋಲಲ್ಲ ಮಗಳೇ. ಹೊರಗಟ್ಟುವ ಮೊದಲು ನಾವೇ ಹೊರಟರೆ ಪಾತ್ರೆಪಡಗವಾದರೂ ಜೊತೆಗೆ ಬರುತ್ತದೆ, ತುಲಸಿಯೂ ಬರುತ್ತದೆ” ಎಂದರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕಡೆಗೆ ಹೀಗೆಂದು ನಿಶ್ಚಯವಾಯಿತು: ಮೈದುನನ ಪಾಲಿನ ಒಳಗಡೆಯ ಹಿತ್ತಿಲಿನಲ್ಲಿ ಚಿಕ್ಕ ಮನೆಯೊಂದನ್ನು ಮಳೆಗೆ ಮೊದಲೇ ಎಬ್ಬಿಸುವುದು, ಹಳೆಯ ಮನೆಯಲ್ಲಿ ದಿನದ ಬಳಕೆ ಮಾತ್ರ, ಕಾಗದಪತ್ರ, ಅಕ್ಕಿ, ಬಟ್ಟೆಗಳನ್ನು ಜೂನ್ ತಿಂಗಳಿಗೆ ಮೊದಲು ಸಾಗಿಸುವುದು. ಇದಕ್ಕಿಂತ ಮುಖ್ಯವಾಗಿ, ನೆರೆಯ ಮನೆಗಳವರೆಲ್ಲರೂ ಕೂಡಿ ತಮ್ಮ ದಡದ ನಕ್ಷೆಯನ್ನು ಬರೆದು, ಯಾವ ವರ್ಷ ಕಡಲು ಎಲ್ಲಿಗೆ ಬಂದಿತ್ತೆಂಬುದನ್ನು ಹಿರಿಯರಿಂದ ಕೇಳಿ ಗುರುತಿಸಿ, ಊರಿನ ಸಭೆಯಲ್ಲಿ ಅದನ್ನು ದಾಖಲು ಮಾಡಿಸುವುದು. ಹಣವನ್ನು ಕೇಳುವಾಗ ಕಲ್ಲನ್ನಲ್ಲ, ಈ ನಕ್ಷೆಯನ್ನು ಮುಂದಿಡಬೇಕೆಂದು ಎಲ್ಲರೂ ಒಪ್ಪಿದರು.

ಮರುದಿನ ನಾವು ಮಲೆಯನ್ನೇರಿ ಬಂದೆವು. ಬಣಕಲ್ಲಿನಲ್ಲಿ ಇಳಿದು ಸ್ನೇಹಿತರಿಗೆ ಇದೆಲ್ಲವನ್ನೂ ಹೇಳಿದಾಗ ಅವರು ಒಂದು ಹಳೆಯ ನೋಟುಪುಸ್ತಕವನ್ನು ತಂದು, ತಮ್ಮ ಗುಡ್ಡದಲ್ಲಿ ಯಾವ ಯಾವ ಕಡೆ ಒರತೆ ಹೊಸದಾಗಿ ಒಡೆದಿದೆಯೆಂಬುದನ್ನು ಅಂದೇ ಬರೆಯತೊಡಗಿದರು. ಅವರ ಮನೆಯಾಕೆಯು ಪಕ್ಕದಲ್ಲಿ ನಿಂತು ಅವರು ಮರೆತುದನ್ನು ನೆನಪುಮಾಡಿ ಕೊಡುತ್ತಿದ್ದರು. ಮಳೆಗೆ ಇನ್ನೂ ಮೂರು ತಿಂಗಳುಗಳಿದ್ದುವು. ನಮ್ಮ ಮಲೆನಾಡಿನ ಮತ್ತು ಕರಾವಳಿಯ ಮನೆಮನೆಗಳಲ್ಲಿ ಇಂತಹ ಪುಸ್ತಕವೊಂದು ಈ ಬೇಸಗೆಯಲ್ಲಿ ತೆರೆದರೆ, ಈ ಪ್ರವಾಸವು ನಮ್ಮೊಂದು ಮನೆಯ ಕೆಲಸಕ್ಕೆ ಮಾತ್ರ ಮುಗಿಯಲಿಲ್ಲವೆಂದು ನಾವು ಸಂತೋಷಪಡುವೆವು.