ಪೋಷಕರ ಸಹಿ

1
ಪ್ರಗತಿಪತ್ರದ ಹಿಂಬದಿಯಲ್ಲಿ ಸಹಿಗೆ ಮೂರು ಮನೆ. ತರಗತಿ ಶಿಕ್ಷಕರು, ಮುಖ್ಯ ಶಿಕ್ಷಕರು, ಪೋಷಕರು. ಮಗುವಿಗೆ ಮನೆಯಿಲ್ಲ.

2
ಹಳೆಯ ಕಾರ್ಡುಗಳಲ್ಲಿ ಪೋಷಕರ ಮನೆಗೆ ಹೆಬ್ಬೆಟ್ಟು ಹಿಡಿಸುವುದಿಲ್ಲ. ನೀಲಿ ಮಸಿ ಪಕ್ಕದ ಅರ್ಧವಾರ್ಷಿಕದ ಮನೆಗೂ ಹರಡಿದೆ. 35ರ ಕೆಳಗಿನ ಅಂಕಕ್ಕೆ ಕೆಂಪು ಗೆರೆ.

3
ಕಾರ್ಡಿನ ಅಡಿಯಲ್ಲಿ ಮುದ್ರಿತ ಸೂಚನೆ: ಸಹಿ ಮಾಡಿ ಮೂರು ದಿನದೊಳಗೆ ಹಿಂತಿರುಗಿಸುವುದು. ಉಳಿದ ದಿನಗಳಲ್ಲಿ ಅದು ಇರುವುದು ಶಾಲೆಯ ಬೀರುವಿನಲ್ಲಿ.

4
ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 24ನೇ ಸೆಕ್ಷನ್ನಿನ ಪ್ರಕಾರ ಶಿಕ್ಷಕರು ಪೋಷಕರ ಸಭೆ ಕರೆದು ಮಗುವಿನ ವಿಷಯ ತಿಳಿಸಬೇಕು. ಏನೇನು ತಿಳಿಸಬೇಕೆಂದೂ ಬರೆದಿದೆ. ಮೊದಲು ಹಾಜರಿ. ಆಮೇಲೆ ಕಲಿಯುವ ಸಾಮರ್ಥ್ಯ. ಆಮೇಲೆ ಕಲಿಕೆಯಲ್ಲಿ ಆದ ಪ್ರಗತಿ. ಕೊನೆಗೆ ಇತರೆ.

ಅಂಕ ಎಂಬ ಮಾತು ಆ ಪಟ್ಟಿಯಲ್ಲಿಲ್ಲ.

5
ಈಗಿನ ಕಾರ್ಡು. ಎಫ್‌ಎ ಎಂದರೆ ರೂಪಣಾತ್ಮಕ ಮೌಲ್ಯಮಾಪನ, ಎಸ್‌ಎ ಎಂದರೆ ಸಂಕಲನಾತ್ಮಕ. ಎಫ್‌ಎ-1, ಎಫ್‌ಎ-2, ಎಸ್‌ಎ-1. ದಸರಾ ರಜೆ ಕಳೆದ ಮೇಲೆ ಎಫ್‌ಎ-3, ಎಫ್‌ಎ-4, ಎಸ್‌ಎ-2. 90ರಿಂದ ಮೇಲೆ ಎ ಪ್ಲಸ್, 70ರಿಂದ ಎ, 50ರಿಂದ ಬಿ ಪ್ಲಸ್, 30ರಿಂದ ಬಿ, ಅದರ ಕೆಳಗೆ ಸಿ. ಮೂವತ್ತು ತೆಗೆದವನಿಗೂ ನಲವತ್ತೊಂಬತ್ತು ತೆಗೆದವಳಿಗೂ ಒಂದೇ ಅಕ್ಷರ.

ಸಭೆಯಲ್ಲಿ ಒಬ್ಬ ತಾಯಿ ಕಾರ್ಡು ನೋಡಿ ಕೇಳಿದರು, 'ಪಾಸಾ?'
'ಈಗ ಪಾಸು ಫೇಲು ಅಂತ ಇಲ್ಲಮ್ಮ.'
'ಆಯ್ತು. ಎಷ್ಟಕ್ಕೆ ಎಷ್ಟು ಬಂದಿದೆ?'
ಮೇಷ್ಟ್ರು ಆಚೀಚೆ ನೋಡಿ, ಮೇಜಿನ ಖಾನೆಯಿಂದ ಇನ್ನೊಂದು ಪುಸ್ತಕ ತೆಗೆದು ಅಂಕ ಹೇಳಿದರು. ತಾಯಿ ಅದನ್ನು ಕೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡರು.

6
ಷರಾ ಕಾಲಂ. ಉತ್ತಮ. ಉತ್ತಮ. ಸಾಧಾರಣ. ಉತ್ತಮ. ಗಮನ ಬೇಕು. ಒಂದೇ ಸಂಜೆ ನಲವತ್ತು ಕಾರ್ಡು ಬರೆದರೆ ಹೀಗೆಯೇ ಇರುತ್ತದೋ ಏನೋ.

ಒಂದರಲ್ಲಿ ಮಾತ್ರ: 'ಮಾತು ಜಾಸ್ತಿ.' ಅದೇ ಕಾರ್ಡಿನ ಇನ್ನೊಂದು ಪುಟದಲ್ಲಿ ಮೌಖಿಕ ಅಭಿವ್ಯಕ್ತಿಗೆ ಎ ಪ್ಲಸ್.

7
ಎತ್ತರ ಜೂನ್‌ನಲ್ಲಿ 118 ಸೆಂ.ಮೀ., ಮಾರ್ಚ್‌ನಲ್ಲಿ 116. ಮೂವರೂ ಸಹಿ ಹಾಕಿದ್ದಾರೆ.

8
ಕಾಫಿ ಸೀಮೆಯ ಒಂದು ಕಾರ್ಡು. ಹಾಜರಿ ನವೆಂಬರಿನವರೆಗೆ ತುಂಬಿದೆ. ಡಿಸೆಂಬರ್, ಜನವರಿಯಲ್ಲಿ ಅರ್ಧಕ್ಕಿಳಿದಿದೆ, ಕೊಯ್ಲಿನ ತಿಂಗಳು. ಗಣಿತ ಎಸ್‌ಎ-1ರಲ್ಲಿ ಎ, ಎಫ್‌ಎ-4ರಲ್ಲಿ ಬಿ. ಹಾಜರಿ ಒಂದು ಪುಟದಲ್ಲಿದೆ, ಗಣಿತ ಇನ್ನೊಂದರಲ್ಲಿ.

9
ನಲಿ-ಕಲಿ ಕೊಠಡಿ. ಈ ಪದ್ಧತಿ ಶುರುವಾದದ್ದು 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಪಾಠದ ಬದಲು ಮೆಟ್ಟಿಲು. ಮಗು ತನ್ನ ವೇಗದಲ್ಲಿ ಹತ್ತುತ್ತದೆ. ರ್‍ಯಾಂಕಿಲ್ಲ, ಮೊದಲಿಗ ಕೊನೆಯವ ಎಂಬುದಿಲ್ಲ. ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳು ಬರೆದ ಚಿತ್ರಗಳ ತೋರಣ.

ಗೋಡೆಯ ಮೇಲೆ ಪ್ರಗತಿ ನೋಟ. ಹೆಸರುಗಳ ಎದುರು ಮೆಟ್ಟಿಲುಗಳ ಮನೆ. ಮುಗಿಸಿದ ಮನೆಗೆ ಗುರುತು.

ಒಬ್ಬ ಅಜ್ಜಿ ಬಂದಿದ್ದಳು. ಓದು ಬಾರದು. 'ನೀನು ಎಲ್ಲಿದ್ದೀಯೋ?' ಎಂದಳು. ಮೊಮ್ಮಗ ತುದಿಗಾಲಲ್ಲಿ ನಿಂತು ಬೆರಳಿಟ್ಟು ತೋರಿಸಿದ. ಅಜ್ಜಿ ಸ್ವಲ್ಪ ಹೊತ್ತು ನೋಡಿ, 'ಪಕ್ಕದ ಮನೆ ಲಕ್ಷ್ಮಿ?' ಎಂದಳು. ಅದನ್ನೂ ತೋರಿಸಿದ. ಆಮೇಲೆ ಅಜ್ಜಿ ಇನ್ನೂ ಕೆಲವು ಹೆಸರು ಕೇಳಿದಳು.

10
ಸಮುದಾಯದತ್ತ ಶಾಲೆ ಕಾರ್ಯಕ್ರಮ. ಪೋಷಕರು ನೋಡಲೆಂದು ಉತ್ತರ ಪತ್ರಿಕೆಗಳನ್ನು ಬೆಂಚಿನ ಮೇಲೆ ಜೋಡಿಸಿದ್ದರು. ಬಂದವರಲ್ಲಿ ಹೆಚ್ಚಿನವರು ಹೆಂಗಸರು. ಒಬ್ಬಾಕೆ ತನ್ನ ಮಗನದಲ್ಲದೆ ಅಕ್ಕಪಕ್ಕದ ಮನೆಯವರ ಮಕ್ಕಳ ಕಾರ್ಡಿಗೂ ಸಹಿ ಹಾಕಿ ಹೋದಳು. 'ಅವರಿಗೆ ಕೂಲಿ ಇತ್ತು' ಎಂದಳು. ಯಾರೂ ಬೇಡ ಎನ್ನಲಿಲ್ಲ.

11
ಬೆಂಗಳೂರಿನ ಹೊರವಲಯದ ಸರ್ಕಾರಿ ಶಾಲೆ. ಅಪ್ಪ ಬಿಹಾರದವನು, ಕಟ್ಟಡ ಕೆಲಸ. ಮೇಡಂ ಹೇಳುವುದು ಕನ್ನಡದಲ್ಲಿ. ನಡುವೆ ನಾಲ್ಕನೇ ತರಗತಿಯ ಮಗ. ಎರಡೂ ಭಾಷೆ ಬಲ್ಲವನು ಅವನೊಬ್ಬನೇ.

ಮೇಡಂ ಹೋಂವರ್ಕ್ ಮಾಡದಿರುವುದು, ಮಧ್ಯಾಹ್ನ ಊಟವಾದ ಮೇಲೆ ಮಾಯವಾಗುವುದು, ಭಾಗಾಕಾರ ಬಾರದಿರುವುದು, ಎಲ್ಲ ವಿವರವಾಗಿ ಹೇಳಿದರು. ಹುಡುಗ ನೆಲ ನೋಡುತ್ತ ಕೇಳಿಸಿಕೊಂಡ. ಆಮೇಲೆ ಅಪ್ಪನ ಕಡೆ ತಿರುಗಿ ಎರಡೇ ಮಾತು ಹೇಳಿದ. ಅಪ್ಪನ ಮುಖ ಅರಳಿತು. ಕೈಮುಗಿದ. ಮೇಡಂ ಕೂಡ ಕೈಮುಗಿದರು.

12
ಅಪ್ಪನ ಸಹಿ ಹಾಕುವ ಹುಡುಗರು ತರಗತಿಗೊಬ್ಬರಾದರೂ ಇರುತ್ತಾರೆ. ಪ್ರತಿ ಸಲವೂ ಸಹಿ ಒಂದೇ ಥರ ಇದ್ದರೆ ಅನುಮಾನ ಎಂದು ಒಬ್ಬರು ಮೇಷ್ಟ್ರು ಹೇಳಿದರು. ನಿಜವಾದ ಅಪ್ಪಂದಿರ ಸಹಿ ಹಾಗಿರುವುದಿಲ್ಲವಂತೆ.

13
ಏಪ್ರಿಲ್ 10. ಕರ್ನಾಟಕದಲ್ಲಿ ತಲೆಮಾರುಗಳು ನೆನಪಿಟ್ಟ ತಾರೀಖು. ನೋಟಿಸ್ ಬೋರ್ಡಿಗೆ ಫಲಿತಾಂಶದ ಪಟ್ಟಿ ಅಂಟಿಸುತ್ತಿದ್ದರು. ಧೈರ್ಯವಿಲ್ಲದವರು ಗೆಳೆಯನನ್ನು ಕಳಿಸುತ್ತಿದ್ದರು. ಗೆಳೆಯ ಬರುವಾಗ ಓಡುತ್ತಿದ್ದಾನೋ ನಡೆಯುತ್ತಿದ್ದಾನೋ ನೋಡಿದರೆ ಸಾಕಿತ್ತು.

ಮಾರನೆಯ ದಿನ ಬೇಸಿಗೆ ರಜೆ.

14
2024ರ ಮಾರ್ಚ್ 11. ರಾಜ್ಯದಲ್ಲಿ 5, 8, 9ನೇ ತರಗತಿಗೆ ಬೋರ್ಡ್ ಪರೀಕ್ಷೆ ಶುರು. 12ರಂದು ಸುಪ್ರೀಂ ಕೋರ್ಟ್ ತಡೆ. 22ರಂದು ಹೈಕೋರ್ಟ್ ಅನುಮತಿ. ಉಳಿದ ಪತ್ರಿಕೆಗಳನ್ನು ಮಕ್ಕಳು ತಿಂಗಳ ಕೊನೆಗೆ ಬರೆದರು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಮತ್ತೆ ತಡೆಯಿತು. ಯಾವುದಾದರೂ ಶಾಲೆ ಫಲಿತಾಂಶ ಹೇಳಿದ್ದರೂ ಸದ್ಯಕ್ಕೆ ಅದನ್ನು ಪೋಷಕರಿಗೆ ತಿಳಿಸಬಾರದು ಎಂದಿತು.

ಏಪ್ರಿಲ್ 10 ಆ ವರ್ಷವೂ ಬಂತು.

15
ಪೋಷಕರ ವಾಟ್ಸ್ಯಾಪ್ ಗುಂಪಿನಲ್ಲಿ ಅಂಕಪಟ್ಟಿ ಬಿತ್ತು. ಕೆಳಗೆ ಸಾಲಾಗಿ ಕೈಮುಗಿದ ಚಿಹ್ನೆಗಳು. ಸಂಜೆ ಆ ಹೊತ್ತಿಗೆ ಮನೆಯ ಫೋನು ಯಾರ ಕೈಯಲ್ಲಿರುತ್ತದೆ ಎಂದು ಒಬ್ಬ ತಾಯಿಯನ್ನು ಕೇಳಿದೆ. ಮಗಳನ್ನು ತೋರಿಸಿದರು.

16
ವಿದ್ಯಾರ್ಥಿಗಳ ದಾಖಲೆಯಿಡುವ ಸ್ಯಾಟ್ಸ್ ತಂತ್ರಾಂಶದಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ. ಅದೇ ತಾಯಿಗೆ ಮಗಳ ಹುಟ್ಟಿದ ನಕ್ಷತ್ರ, ಪಾದ ಗೊತ್ತು. ಸ್ಯಾಟ್ಸ್ ಸಂಖ್ಯೆ ಗೊತ್ತಿಲ್ಲ.

17
ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಬಂದ ಸಮಗ್ರ ಪ್ರಗತಿಪತ್ರ. ಸಿದ್ಧಪಡಿಸಿದ್ದು ಎನ್‌ಸಿಇಆರ್‌ಟಿಯ ಮೌಲ್ಯಮಾಪನ ಕೇಂದ್ರ ಪರಖ್. ಚಿಕ್ಕ ಮಕ್ಕಳದರಲ್ಲಿ ಎ, ಬಿ, ಸಿ ಇಲ್ಲ. ಝರಿ, ಪರ್ವತ, ಆಕಾಶ. ಮಗು ತನ್ನ ಬಗ್ಗೆ ತಾನೇ ಗುರುತು ಹಾಕಬೇಕು. ಗೆಳೆಯನೂ ಹಾಕಬೇಕು. ಪೋಷಕರಿಗೂ ಒಂದು ಪುಟ. ಮನೆಯಲ್ಲಿ ಪುಸ್ತಕ ಇದೆಯೇ, ದಿನಪತ್ರಿಕೆ, ಆಟಿಕೆ, ಫೋನು, ಇಂಟರ್‌ನೆಟ್ ಇದೆಯೇ.

ಇಲ್ಲ ಎಂದು ತುಂಬಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಪುಟವಿಲ್ಲ.

18
ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆ, 2005ರಿಂದ. ಹಳ್ಳಿಗಳಲ್ಲಿ ಮನೆಗೇ ಬಂದು ಮಗುವನ್ನು ಓದಿಸುತ್ತಾರೆ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಕಥೆ. ಓದುವಾಗ ಮನೆಯವರು, ನೆರೆಯವರು ಸುತ್ತ ನಿಲ್ಲುತ್ತಾರೆ. ಸಮೀಕ್ಷೆಯ ಹಾಳೆ ಊರು ಬಿಟ್ಟು ಹೋಗುತ್ತದೆ. ಮನೆಯವರು ಕೇಳಿಸಿಕೊಂಡದ್ದು ಮನೆಯಲ್ಲೇ ಉಳಿಯುತ್ತದೆ.

19
ಖಾಸಗಿ ಶಾಲೆ, ಶನಿವಾರದ ಪೇರೆಂಟ್ಸ್ ಮೀಟಿಂಗ್. ಬಾಗಿಲಲ್ಲಿ ಟೋಕನ್. ಹೊರಗೆ ಕುರ್ಚಿ ಸಾಲು, ಎಲ್ಲರ ಮಡಿಲಲ್ಲೂ ಫೈಲು. ಒಳಗೆ ಹೋದವರು ಹೊರಬರುವಾಗ ಕುಳಿತವರು ಅವರ ಮುಖ ನೋಡುತ್ತಾರೆ, ಮಗುವಿನ ಮುಖ ನೋಡುತ್ತಾರೆ.

20
ಎಸ್ಸೆಸ್ಸೆಲ್ಸಿ. ಒಟ್ಟು 625. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100. ಹಿಂದೆ ದಿನಪತ್ರಿಕೆಯಲ್ಲಿ ನೋಂದಣಿ ಸಂಖ್ಯೆ ಬರುತ್ತಿತ್ತು. ಸಂಖ್ಯೆ ಇದ್ದರೆ ಪಾಸು. ಇಲ್ಲದಿದ್ದರೆ ಮುದ್ರಣದೋಷ ಇರಬಹುದೆಂದು ಇನ್ನೊಂದು ಪತ್ರಿಕೆ ಕೊಳ್ಳುತ್ತಿದ್ದರು.

ಈಗ ಫಲಿತಾಂಶ ಫೋನಿನಲ್ಲೇ ಬರುತ್ತದೆ. ವಾರದೊಳಗೆ ಸರ್ಕಲ್ಲಿನಲ್ಲಿ ಫ್ಲೆಕ್ಸ್. ಪಾಸ್‌ಪೋರ್ಟ್ ಅಳತೆಯ ಮುಖಗಳು, ಪ್ರತಿ ಮುಖದ ಕೆಳಗೆ 625ಕ್ಕೆ ಎಷ್ಟು ಎಂಬ ಲೆಕ್ಕ. ಕೊನೆಯ ಸಾಲಿನ ಮುಖಗಳನ್ನು ಕಟ್ಟಿದ ಹಗ್ಗ ಮಡಚಿಬಿಟ್ಟಿದೆ. ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿರುವುದು: 'ಪ್ರವೇಶ ಆರಂಭವಾಗಿದೆ', ಮತ್ತು ಒಂದು ಮೊಬೈಲ್ ಸಂಖ್ಯೆ.