ತೆಗ್ಗಿನ ಹೊಲ

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಅಣ್ಣನ ಮೊಮ್ಮಗಳು, ಏಳನೆಯ ತರಗತಿಯಲ್ಲಿ ಓದುವ ಹುಡುಗಿ, "ತಾತಾ, ನಮ್ಮ ತೆಗ್ಗಿನ ಹೊಲಕ್ಕ ಉಪ್ಪು ಯಾರು ಹಾಕ್ಯಾರ?" ಎಂದು ಕೇಳಿದಳು. ಸುತ್ತ ಕುಳಿತವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಕೊಡುವುದಾದರೆ "ನಾನೇ" ಎನ್ನಬೇಕಾಗಿತ್ತು. ಅಂದು ಅನ್ನಲಿಲ್ಲ. ಮಗುವಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಯವರಲ್ಲಿ ಕೆಲವರಿಗೆ ಇದು ಗೊತ್ತಿರುವ ಸಂಗತಿಯೇ. ನನ್ನ ವಿದ್ಯಾರ್ಥಿಗಳಿಗೆ ಮಾತ್ರ ಗೊತ್ತಿಲ್ಲ.

ಕಾರಟಗಿ ಮತ್ತು ಸಿಂಧನೂರುಗಳ ನಡುವೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿರುವ ಹತ್ತಾರು ಹಳ್ಳಿಗಳಲ್ಲಿ ನಮ್ಮದೂ ಒಂದು. ಊರಿನ ಪಡುವಣಕ್ಕೆ ಏರು ನೆಲ, ಅಲ್ಲಿ ಮಸಾರಿ. ಇಳಿಜಾರು ಇಳಿಯುತ್ತ ಬಂದಂತೆ ಮಣ್ಣು ಕಪ್ಪಾಗುತ್ತ ಹೋಗಿ, ಹಳ್ಳದ ಸಮೀಪ ಆಳವಾದ ಎರೆಯಾಗುತ್ತದೆ. ಆ ಎರೆಯಲ್ಲಿ ಒಂದೆಡೆ ತಟ್ಟೆಯಂತೆ ತಗ್ಗಾದ ಜಾಗವುಂಟು. ಅಲ್ಲಿ ನಮ್ಮದು ನಾಲ್ಕು ಎಕರೆ. ತಗ್ಗಿಗೆ ಅಂಥ ಮಣ್ಣು ಸೇರುವುದು ಸಹಜವೇ. ಮಳೆಯ ನೀರು ಏರಿನಿಂದ ಇಳಿಯುವಾಗ ಮರಳನ್ನು ದಾರಿಯಲ್ಲೇ ಬಿಟ್ಟು, ಅತ್ಯಂತ ನುಣುಪಾದ ಕಣಗಳನ್ನು ಕೊನೆಯವರೆಗೆ ಹೊತ್ತು ತಂದು ತಗ್ಗಿನಲ್ಲಿ ಇಳಿಸುತ್ತದೆ. ಸಾವಿರಾರು ವರ್ಷ ಹೀಗೆ ಶೇಖರವಾದ ಜೇಡಿ ಅದು.

ಜೇಡಿ ಕಣವೆಂದರೆ 0.002 ಮಿಲಿಮೀಟರಿಗಿಂತ ಚಿಕ್ಕದು. ನಮ್ಮ ಎರೆಭೂಮಿಗಳಲ್ಲಿ ಅರ್ಧದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು, ಇಂಥ ಕಣಗಳೇ. ಅದರಲ್ಲಿಯೂ ಮುಖ್ಯವಾದದ್ದು ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜ. ಇದರ ಒಂದು ಗ್ರಾಮಿನಲ್ಲಿರುವ ಪದರಗಳನ್ನೆಲ್ಲ ಬಿಡಿಸಿ ಹಾಸಿದರೆ 700 ರಿಂದ 800 ಚದರ ಮೀಟರು ಹರವಿಕೊಳ್ಳುತ್ತದೆಯೆಂದು ಹೇಳಿದಾಗ ನಮ್ಮ ಹುಡುಗರು ನಂಬುತ್ತಿರಲಿಲ್ಲ. ಆ ಪದರಗಳ ನಡುವೆ ನೀರು ಹೊಕ್ಕಾಗ ಮಣ್ಣು ಉಬ್ಬುತ್ತದೆ; ಆರಿದಾಗ ಕುಗ್ಗಿ ಬಿರಿಯುತ್ತದೆ. ಚೈತ್ರದ ಬಿಸಿಲಿನಲ್ಲಿ ನಮ್ಮ ತೆಗ್ಗಿನ ಹೊಲದ ಬಿರುಕಿನೊಳಗೆ ಮೊಣಕೈವರೆಗೆ ಕೈ ಇಳಿಯುತ್ತಿತ್ತು. ಬಾಲ್ಯದಲ್ಲಿ ನಾನು ಕಳೆದುಕೊಂಡ ಗೋಲಿಗಳು ಇಂದಿಗೂ ಅಲ್ಲಿಯೇ ಎಲ್ಲೋ ಇರಬೇಕು. ಮೊದಲ ಮಳೆಯ ನೀರು ಆ ಬಿರುಕುಗಳಲ್ಲಿ ಗಟಗಟನೆ ಇಳಿದು ಹೋಗುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ, ಮೇಲೆ ನಿಂತ ನೀರು ಕೆಳಗಿಳಿಯುವುದು ಬಹುತೇಕ ನಿಂತೇ ಹೋಗುತ್ತದೆ.

ಹಳೆಯ ವಿದ್ಯಾರ್ಥಿಗಳಿಗೆ ನನ್ನ ಬಾಟಲಿಯ ಪ್ರಯೋಗ ನೆನಪಿರಬಹುದು. ತಳ ಒಡೆದ ಎರಡು ಬಾಟಲಿಗಳನ್ನು ಬೋರಲು ಹಾಕಿ, ಬಾಯಿಗೆ ಅರಿವೆ ಕಟ್ಟಿ, ಒಂದಕ್ಕೆ ಮಸಾರಿ, ಇನ್ನೊಂದಕ್ಕೆ ಎರೆ ತುಂಬಿ ಒಂದೊಂದು ಲೋಟ ನೀರು ಹಾಕುತ್ತಿದ್ದೆವು. ಮಸಾರಿಯ ನೀರು ಗಂಟೆ ಬಾರಿಸುವುದರೊಳಗೆ ಕೆಳಗಿನ ಬಟ್ಟಲಿಗೆ ಬಂದಿರುತ್ತಿತ್ತು. ಎರೆಯ ಮೇಲೆ ಮಾರನೆಯ ದಿನವೂ ನೀರು ನಿಂತಿರುತ್ತಿತ್ತು. ಆ ಪ್ರಯೋಗವನ್ನು ಪ್ರತಿ ವರ್ಷವೂ ಮಾಡಿಸುತ್ತಿದ್ದ ಮಾಸ್ತರನೇ ತನ್ನ ಹೊಲದಲ್ಲಿ ಏನು ಮಾಡಿದನೆಂಬುದನ್ನು ಈಗ ಹೇಳುತ್ತೇನೆ.

ಅಪ್ಪ ಆ ಹೊಲದಲ್ಲಿ ಹಿಂಗಾರಿ ಬಿಳಿಜೋಳ ಬಿತ್ತುತ್ತಿದ್ದ, ಅಕ್ಕಡಿಗೆ ಕುಸುಬಿ. ಮುಂಗಾರಿನಲ್ಲಿ ಏನನ್ನೂ ಬಿತ್ತದೆ ಕುಂಟೆ ಹೊಡೆಯುತ್ತ ಹೋಗುವುದು. ಹೊಲ ಮಳೆಯನ್ನೆಲ್ಲ ಕುಡಿದು ಕುಳಿತ ಮೇಲೆ ಹಸ್ತ ಚಿತ್ತೆಯ ಹೊತ್ತಿಗೆ ಬೀಜ ಬಿಡುವುದು. ಆಮೇಲೆ ಹನಿ ಮಳೆ ಬಾರದಿದ್ದರೂ ಒಳಗಿನ ಹಸಿಯಲ್ಲಿಯೇ ಪೈರು ಬೆಳೆದು ನಿಲ್ಲುತ್ತಿತ್ತು. ಬರದ ವರ್ಷಗಳಲ್ಲಿ ಊರಿಗೆಲ್ಲ ಜೋಳವಿಲ್ಲದಾಗ ನಮ್ಮ ಹಗೇವಿನಲ್ಲಿ ಜೋಳವಿರುತ್ತಿದ್ದುದು ಈ ಹೊಲದಿಂದಲೇ. ಇದಕ್ಕಾಗಿ ಅಪ್ಪ ತಪ್ಪದೆ ಮಾಡುತ್ತಿದ್ದ ಕೆಲಸ ಒಂದೇ. ಹೊಲದ ಕೆಳಬದುವಿನ ಗುಂಟ ಹಳ್ಳದವರೆಗೆ ಒಂದು ಬಸಿಗಾಲುವೆಯಿತ್ತು. ಅರ್ಧ ನಮ್ಮ ಹೊಲದಲ್ಲಿ, ಇನ್ನರ್ಧ ಮಗ್ಗುಲ ಹೊಲದವರ ಅಂಚಿನಲ್ಲಿ. ಪ್ರತಿ ವರ್ಷ ಮಿರ್ಗಕ್ಕೆ ಮೊದಲು ಅಪ್ಪ ಮತ್ತು ಆ ಮಗ್ಗುಲ ಹೊಲದ ಯಜಮಾನರು ಸೇರಿ ಅದರ ಹೂಳು ತೆಗೆಯುತ್ತಿದ್ದರು. ಅವರನ್ನು ನಾವು ಮಾವ ಎನ್ನುತ್ತಿದ್ದೆವು.

ತುಂಗಭದ್ರೆಯ ಅಣೆಕಟ್ಟಿನ ಕೆಲಸ ಆರಂಭವಾದದ್ದು 1945ರಲ್ಲಿ, ಕಾಲುವೆಗೆ ನೀರು ಬಂದದ್ದು 1953ರಲ್ಲಿ. ಯೋಜನೆ ಹಾಕಿದವರು ನಮ್ಮ ಭಾಗಕ್ಕೆ ಹೆಚ್ಚಾಗಿ ಲಘು ನೀರಾವರಿಯನ್ನೇ ಉದ್ದೇಶಿಸಿದ್ದರು. ಜೋಳ, ಹತ್ತಿ, ಶೇಂಗಾಗಳಿಗೆ ಒಂದಿಷ್ಟು ಆಸರೆಯ ನೀರು ಕೊಟ್ಟು ಹೆಚ್ಚು ನೆಲವನ್ನು ಬರದಿಂದ ಕಾಪಾಡುವುದು ಅದರ ಗುರಿ. ಆದರೆ ನೀರು ಕಂಡ ಮೇಲೆ ಭತ್ತ ಬಿಟ್ಟಿತೇ? ಆಂಧ್ರದ ಕಡೆಯಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದವರು ಗದ್ದೆ ಮಾಡಿ ತೋರಿಸಿದರು, ನಮ್ಮವರು ನೋಡಿ ಕಲಿತರು. ಅವರನ್ನು ದೂರುವುದು ನಮ್ಮ ಕಡೆ ಒಂದು ಅಭ್ಯಾಸವಾಗಿದೆ. ನನಗೆ ಅದು ಸರಿ ತೋರುವುದಿಲ್ಲ. ನನ್ನ ಕೈಹಿಡಿದು ಯಾರೂ ಗದ್ದೆ ಮಾಡಿಸಲಿಲ್ಲ.

1987ರ ಮಾತು. ಬಿ.ಎಡ್. ಮುಗಿಸಿ ನೌಕರಿ ಹಿಡಿದು ನಾಲ್ಕು ವರ್ಷವಾಗಿತ್ತು. ತಂಗಿಯ ಮದುವೆ ಮುಂದಿತ್ತು. ಸುತ್ತಲಿನವರೆಲ್ಲ ಎರಡು ಬೆಳೆ ಭತ್ತ ತೆಗೆಯುವಾಗ ನಾವು ಮಾತ್ರ ನಾಲ್ಕು ಎಕರೆಯಲ್ಲಿ ಒಂದು ಬೆಳೆ ಜೋಳ ಬೆಳೆಯುತ್ತ ಕುಳಿತಿರುವುದು ನನಗೆ ಮೌಢ್ಯವೆಂದು ಕಂಡಿತು. ಅಪ್ಪನಿಗೆ ಹೇಳಿದೆ. ಅಪ್ಪ, "ಅದು ನೀರು ಕೇಳೋ ಹೊಲ ಅಲ್ಲಪಾ, ನೀರು ಹಿಡಕೊಂಡು ಕುಂದ್ರೋ ಹೊಲ" ಎಂದ. ನಾನು ಬಿಡಲಿಲ್ಲ. ನೀರು ಹಿಡಿಯುವ ಮಣ್ಣೇ ಭತ್ತಕ್ಕೆ ಉತ್ತಮವೆಂದು ವಾದಿಸಿದೆ. ಪುಸ್ತಕದ ಪ್ರಕಾರ ಅದು ಸುಳ್ಳೂ ಅಲ್ಲ. ಭತ್ತದ ಕಾಂಡದಲ್ಲಿ ಬೇರಿನವರೆಗೆ ಗಾಳಿ ಒಯ್ಯುವ ಕೊಳವೆಗಳಂಥ ಅಂಗಾಂಶವಿರುತ್ತದೆ, ಜೋಳಕ್ಕೆ ಆ ಅನುಕೂಲವಿಲ್ಲ. "ನೀ ಓದಿದಾಂವ" ಎಂದು ಅಪ್ಪ ಸುಮ್ಮನಾದ. ಆ ಬೇಸಿಗೆಯಲ್ಲಿ ಹೊಲ ಮಟ್ಟ ಮಾಡಿಸಿ, ಮಡಿ ಕಟ್ಟಿಸಿ, ನಮ್ಮ ಪಾಲಿನ ಬಸಿಗಾಲುವೆಯನ್ನು ಮುಚ್ಚಿಸಿದೆ. ಅದರಿಂದ ಹತ್ತು ಗುಂಟೆ ನೆಲ ಉಳಿಯಿತೆಂದು ಹೆಮ್ಮೆಪಟ್ಟದ್ದೂ ಉಂಟು.

ಮೊದಲ ಐದಾರು ವರ್ಷ ಭತ್ತ ಸೊಗಸಾಗಿ ಬಂತು. ತಂಗಿಯ ಮದುವೆಯಾಯಿತು, ಮನೆಗೆ ಮಾಳಿಗೆ ಬಂತು. ಮೊದಲ ಸೂಚನೆ ಸಿಕ್ಕಿದ್ದು ಹೊಲದಲ್ಲಲ್ಲ, ಮನೆಯಲ್ಲಿ. ಹಗೇವಿನ ತಳದ ಜೋಳ ಮುಗ್ಗಲು ಹಿಡಿದಿತ್ತು. ಊರ ಕೆಳಗಿನ ಅಂತರ್ಜಲವೇ ಮೇಲೆ ಬರುತ್ತಿತ್ತು. ಏರಿನ ಮಸಾರಿ ಗದ್ದೆಗಳಿಗೆ ಹಾಯಿಸಿದ ನೀರು ಒಳಗಿಂದೊಳಗೆ ಜಿನುಗಿ ಇಳಿದು ತಗ್ಗಿಗೆ ಬಂದು ನಿಲ್ಲುತ್ತಿತ್ತು. ಹೊರಗೆ ಹೋಗಲು ಅದಕ್ಕೆ ದಾರಿಯಿರಲಿಲ್ಲ. ಆ ದಾರಿಯನ್ನು ಮುಚ್ಚಿದವನು ನಾನು.

ಸದಾ ನೀರು ನಿಂತ ಜೇಡಿಯಲ್ಲಿ ನಡೆಯುವುದನ್ನು ಸ್ವಲ್ಪ ವಿವರಿಸಬೇಕು. ನೀರಿನಲ್ಲಿ ಆಮ್ಲಜನಕ ಚಲಿಸುವ ವೇಗ ಗಾಳಿಯಲ್ಲಿಯದರ ಸುಮಾರು ಹತ್ತು ಸಾವಿರದ ಒಂದು ಪಾಲು. ಆದುದರಿಂದ ಮುಳುಗಿದ ಮಣ್ಣಿನ ಆಮ್ಲಜನಕ ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ. ಆಮೇಲೆ ಅಲ್ಲಿಯ ಸೂಕ್ಷ್ಮಜೀವಿಗಳು ನೈಟ್ರೇಟಿನ ಮೇಲೆ ಬೀಳುತ್ತವೆ. ಹಾಕಿದ ಗೊಬ್ಬರದ ಸಾರಜನಕದಲ್ಲಿ ಒಂದು ಪಾಲು ಅನಿಲವಾಗಿ ಹಾರಿ ಹೋಗುತ್ತದೆ. ಅದಾದ ಮೇಲೆ ಮ್ಯಾಂಗನೀಸು, ಕಬ್ಬಿಣ, ಕಡೆಗೆ ಗಂಧಕ. ಕಬ್ಬಿಣವು ರೂಪ ಬದಲಿಸಿದಾಗ ಮಣ್ಣಿನ ಬಣ್ಣವೂ ಬದಲಾಗುತ್ತದೆ. 1996ರಲ್ಲಿ ಒಮ್ಮೆ ಗುದ್ದಲಿಯಿಂದ ಎರಡು ಅಡಿ ಅಗೆದು ನೋಡಿದೆ. ಕಪ್ಪಗೆ ಹೊಳೆಯಬೇಕಾಗಿದ್ದ ಎರೆ ಬೂದುನೀಲಿಯಾಗಿತ್ತು. ಹಳೆಯ ಬೇರುಗಳ ಜಾಡಿನಲ್ಲಿ ಮಾತ್ರ ತುಕ್ಕಿನ ಬಣ್ಣದ ಗೆರೆಗಳು. ಕೊಳೆತ ಮೊಟ್ಟೆಯ ನಾತ. ತರಗತಿಯಲ್ಲಿ ನಾನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ಸಮೀಕರಣಗಳೆಲ್ಲ ಆ ಕುಣಿಯಲ್ಲಿದ್ದವು.

ಹಿಂದೆಯೇ ಸವಳೂ ಬಂತು. ನಿಂತ ಅಂತರ್ಜಲ ನೆಲಮಟ್ಟಕ್ಕೆ ಐದಾರು ಅಡಿಯೊಳಗೆ ಬಂದರೆ ಬೇಸಿಗೆಯಲ್ಲಿ ದೀಪದ ಬತ್ತಿಯಲ್ಲಿ ಎಣ್ಣೆ ಏರಿದಂತೆ ಮೇಲೇರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಮೊದಲು ಒಂದು ಮೂಲೆಯಲ್ಲಿ ಸುಣ್ಣ ಚೆಲ್ಲಿದಂತೆ ಬಿಳುಪು ಕಂಡಿತು. ಎರಡು ವರ್ಷದಲ್ಲಿ ಅದು ಎಕರೆಯಷ್ಟಾಯಿತು. ಆಪು, ಜೇಕು ಬೆಳೆದವು. ಅಲ್ಲಲ್ಲಿ ಬಳ್ಳಾರಿ ಜಾಲಿ ಎದ್ದಿತು. ಮಣ್ಣು ಪರೀಕ್ಷೆ ಮಾಡಿಸಿದಾಗ ಲವಣಾಂಶದ ಅಂಕಿ 9 ಬಂತು. 4 ದಾಟಿದರೆ ಸವಳು ಎನ್ನುತ್ತಾರೆ. ನನ್ನನ್ನು ಹೆಚ್ಚು ಚುಚ್ಚಿದ ಸಂಗತಿ ಬೇರೆ. ಭತ್ತದ ಇಳುವರಿ 3ರ ಆಸುಪಾಸಿನಲ್ಲಿಯೇ ತಗ್ಗಲು ಆರಂಭಿಸುತ್ತದೆ. ಜೋಳ 6 ದಾಟುವವರೆಗೂ ತಾಳಿಕೊಳ್ಳುತ್ತದೆ. ಅಂದರೆ ಉಪ್ಪಿನ ಮಟ್ಟಿಗೆ ಅಪ್ಪನ ಬೆಳೆಯೇ ನನ್ನ ಬೆಳೆಗಿಂತ ಗಟ್ಟಿ. ಯಾರೋ ಹೇಳಿದರೆಂದು ಜಿಪ್ಸಂ ಹಾಕಿಸಿದೆ. ಜಿಪ್ಸಂ ಸೋಡಿಯಮ್ಮನ್ನು ಜೇಡಿಯಿಂದ ಬಿಡಿಸಬಲ್ಲದು, ಬಿಡಿಸಿದ್ದನ್ನು ಹೊರಗೆ ಹಾಕಲು ನೀರು ಬಸಿದುಹೋಗಬೇಕಷ್ಟೆ. ಎಲ್ಲಿಗೆ ಬಸಿಯಬೇಕು?

ಅಷ್ಟರಲ್ಲಿ ಮಾವನ ಹೊಲವೂ ಜವಳಾಗಿತ್ತು. ನಮ್ಮ ಗದ್ದೆಯ ನೀರು ಬದುವಿನಡಿಯಿಂದ ಅಲ್ಲಿಗೂ ಜಿನುಗುತ್ತಿತ್ತು. ಒಂದು ದಿನ ಅವರು ಮನೆಯ ಕಟ್ಟೆಗೆ ಬಂದು ನನ್ನನ್ನು ಬಿಟ್ಟು ಅಪ್ಪನಿಗೆ, "ನಿಮ್ಮ ಮಾಸ್ತರನ ನೀರು ನನ್ನ ಜ್ವಾಳ ತಿಂತು" ಎಂದರು. ಅಪ್ಪ ತಲೆ ತಗ್ಗಿಸಿ ಕುಳಿತಿದ್ದ. ನಾನು ಒಳಗೆ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಎದ್ದು ಹೊರಗೆ ಬರಲಿಲ್ಲ. ಅಂದಿನಿಂದ ಎರಡೂ ಮನೆಗಳ ನಡುವೆ ಮಾತು ನಿಂತಿತು. ಅವರ ಪಾಲಿನ ಬಸಿಗಾಲುವೆಯನ್ನು ಅವರೂ ಉತ್ತು ಮುಚ್ಚಿದರು. ಅಪ್ಪ 2001ರಲ್ಲಿ ತೀರಿಕೊಂಡ. ಹೊಲದ ಬಗ್ಗೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಇಪ್ಪತ್ತು ವರ್ಷ ಹೊಲ ಹಾಗೆಯೇ ಬಿದ್ದಿತ್ತು. ಅಣ್ಣನ ಮಗ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಓಡಾಡಿ ನೆಲದೊಳಗಿನ ಬಸಿಗೊಳವೆಗಳ ವಿಚಾರ ತಿಳಿದುಕೊಂಡು ಬಂದ. ಸವಳು ಜವಳು ನೆಲಗಳ ಬಗ್ಗೆ ಅಲ್ಲಿ ಬಹುಕಾಲದಿಂದ ಕೆಲಸ ನಡೆದಿದೆ. ತೂತುಗಳಿರುವ ಸುಕ್ಕುಗಟ್ಟಿದ ಪ್ಲಾಸ್ಟಿಕ್ ಕೊಳವೆಗೆ ಬಟ್ಟೆಯಂಥ ಸೋಸುಪದರ ಸುತ್ತಿ, ಸುಮಾರು ಒಂದು ಮೀಟರು ಆಳದಲ್ಲಿ ಸಾಲಾಗಿ ಹೂಳುತ್ತಾರೆ. ಮೇಲೆ ನೀರು ನಿಲ್ಲಿಸಿದರೆ ಅದು ಉಪ್ಪನ್ನು ಕರಗಿಸಿಕೊಂಡು ಇಳಿದು, ಕೊಳವೆಯಲ್ಲಿ ಹರಿದು ಹಳ್ಳ ಸೇರುತ್ತದೆ. ಎಲ್ಲ ಸರಿ, ಆದರೆ ಕೊಳವೆ ಹಳ್ಳ ಮುಟ್ಟಬೇಕಾದರೆ ಮಾವನ ಹೊಲ ದಾಟಲೇಬೇಕು. ಹುಡುಗ ಹೋಗಿ ಕೇಳಿದ. ಅವರು "ಮುಚ್ಚಿದಾಂವ ಬಂದು ಕೇಳಲಿ" ಎಂದರಂತೆ.

2021ರ ಬೇಸಿಗೆಯಲ್ಲಿ ನಾನು ಹೋದೆ. ಎಂಬತ್ತು ದಾಟಿದ್ದ ಅವರು ಹೊರಸಿನ ಮೇಲೆ ಕುಳಿತಿದ್ದರು. "ಬರ್ರಿ ಮಾಸ್ತರ" ಎಂದರು. ಮೊದಲೆಲ್ಲ ನನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದವರು. ಚಹಾ ಬಂತು. ನಾನು ಸಿದ್ಧಮಾಡಿಕೊಂಡು ಹೋಗಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. "ಮಾವ, ಅವತ್ತು ನಾನು ಒಳಗೇ ಇದ್ದೆ" ಎಂದೆ. "ಗೊತ್ತದ" ಎಂದರು. ಬಹಳ ಹೊತ್ತಾದ ಮೇಲೆ, "ಪೈಪು ನನ್ನ ಹೊಲದಾಗ ಬರೇ ದಾಟಿ ಹೋಗಬಾರದು. ಅದಕ್ಕೂ ಹಾಕ್ರಿ" ಎಂದರು. ವಿಜ್ಞಾನದ ದೃಷ್ಟಿಯಿಂದಲೂ ಅದೇ ಸರಿ. ತಗ್ಗು ಒಂದೇ ಆಗಿರುವಾಗ ಅರ್ಧ ತಗ್ಗನ್ನು ಬಸಿಯುವುದರಲ್ಲಿ ಅರ್ಥವಿಲ್ಲ. ನನ್ನ ನಿವೃತ್ತಿಯ ಹಣದಲ್ಲಿ ಎರಡೂ ಹೊಲಗಳಿಗೆ ಕೊಳವೆ ಹಾಕಿಸಿದೆವು.

ಮೊದಲ ಸಲ ಕೊಳವೆಯ ಬಾಯಲ್ಲಿ ನೀರು ಬಂದಾಗ ನಾನು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡೆ. ಉಪ್ಪುಪ್ಪು, ತುಸು ಒಗರು. ಈ ಉಪ್ಪು ಹಳ್ಳ ಸೇರಿ ಕೆಳಗಿನವರ ಪಾಲಾಗುವುದಲ್ಲವೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತು, ಈಗಲೂ ಇದೆ. ಮಳೆಗಾಲದಲ್ಲಿ ಹಳ್ಳ ತುಂಬಿ ಹರಿಯುವಾಗಲೇ ಹೆಚ್ಚಾಗಿ ಬಸಿಯುವಂತೆ ಮಾಡುತ್ತಿದ್ದೇವೆ. ಅದಕ್ಕಿಂತ ಹೆಚ್ಚಿನದು ನಮ್ಮಿಂದ ಆಗಿಲ್ಲ.

ಮೂರು ಮಳೆಗಾಲಗಳ ನಂತರ ಮಣ್ಣಿನ ಅಂಕಿ 5ಕ್ಕೆ ಇಳಿಯಿತು. ಈ ಸಲ ಅಣ್ಣನ ಮಗ ಎರಡೂವರೆ ಎಕರೆಗೆ ಬಿಳಿಜೋಳ ಬಿತ್ತಿದ್ದಾನೆ. ಉಳಿದ ಮೂಲೆ ಇನ್ನೂ ಬಿಳಿಚಿಕೊಂಡೇ ಇದೆ. ಮೊಮ್ಮಗಳು ಕಂಡದ್ದು ಅದನ್ನೇ. ಅಲ್ಲಿಯ ಕೊಳವೆಯೊಳಗೆ ಹೂಳು ಕಟ್ಟಿರಬೇಕೆಂದು ಹುಡುಗನ ಅನುಮಾನ. ನಿನ್ನೆ ದೂರವಾಣಿಯಲ್ಲಿ, "ಕಾಕಾ, ಜ್ವಾಳ ಹಾಲುಗಾಳಿಗೆ ಬಂದಾವು. ರಾಶಿ ಮುಗದ ಮ್ಯಾಲ ಆ ಮೂಲಿ ಅಗದು ನೋಡೂಣು, ನೀವೂ ಬರ್ರಿ" ಎಂದ. ಬರುತ್ತೇನೆಂದು ಹೇಳಿದ್ದೇನೆ.